ಜೋಡಿ ಮನೆ: ಫಾಸ್ಟರ್ ಕೇರ್ ನಮ್ಮಲ್ಲಿ ನಿಂತದ್ದು ಹೀಗೆ

"ಹಳ್ಯಾಗ ಫಾಸ್ಟರ್ ಕೇರ್ ನಡಿಯಂಗಿಲ್ರೀ ಅಕ್ಕಾರ, ಹುಡುಗರನ್ನ ಆಳು ಮಾಡ್ಕೊಂಡ್ ಬಿಡ್ತಾರ." ಹೆತ್ತವರ ಆಸರೆ ಇಲ್ಲದ ಮಗುವನ್ನು ದತ್ತು ಕೊಡದೆ ಇನ್ನೊಂದು ಮನೆಯಲ್ಲಿಟ್ಟು ಬೆಳೆಸುವ ಫಾಸ್ಟರ್ ಕೇರ್, ಅಂದರೆ ಪೋಷಕತ್ವದ ಬಗ್ಗೆ ಈ ಮಾತನ್ನು ನನಗೆ ಹೇಳದವರೇ ಇಲ್ಲ. ತರಬೇತಿಗೆ ಬಂದ ಸಂಪನ್ಮೂಲ ವ್ಯಕ್ತಿಗಳು ಹೇಳಿದ್ದಾರೆ, ಬೇರೆ ಜಿಲ್ಲೆಯ ಸಂಸ್ಥೆಯವರು ಊಟದ ಸಾಲಿನಲ್ಲಿ ನಿಂತು ಹೇಳಿದ್ದಾರೆ, ನಮ್ಮ ಸಂಸ್ಥೆಯ ಖಜಾಂಚಿಗಳಂತೂ ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಒಪ್ಪದಿದ್ದರೂ ಲೆಕ್ಕ ನೋಡಿ ಸುಮ್ಮನಿದ್ದಾರೆ. ನಮ್ಮ ಕಡೆಯಿಂದ ಮನೆ ಸೇರಿದ ಇಪ್ಪತ್ತರ ಆಸುಪಾಸು ಮಕ್ಕಳಲ್ಲಿ ವಾಪಸ್ ಬಂದದ್ದು ಎರಡೋ ಮೂರೋ. ಇಷ್ಟಾದ ಮೇಲಾದರೂ ಬರೆದಿಡಬೇಕು ಅನ್ನಿಸಿತು.

ಪೋಷಕತ್ವದ 30ರಿಂದ 35ರವರೆಗಿನ ಫಾರಂ ತುಂಬಿ ತುಂಬಿ ಬೇಸತ್ತವರಿಗೆ, ಅದರ ಬಗ್ಗೆಯೇ ಇರುವ ಬಾಲನ್ಯಾಯ ಕಾಯ್ದೆಯ 44ನೇ ಕಲಮಿನ ಪಾಠ ಮಾಡಲು ಹೋಗುವುದಿಲ್ಲ. ಮಕ್ಕಳ ಗುರುತು ಬಯಲು ಮಾಡಬಾರದು ಅನ್ನುವ 74ನೇ ಕಲಂ ಮಾತ್ರ ನೆನಪಿರಲಿ. ಯಾವ ಹುಡುಗ, ಯಾವ ಊರು ಅಂತ ಕೇಳಬೇಡಿ, ಗುರುತು ಸಿಗದಂತೆ ಅಲ್ಲಲ್ಲಿ ಬದಲಿಸಿಯೇ ಬರೆದಿದ್ದೇನೆ.

ಪೋಷಕತ್ವಕ್ಕೆ ಕೇಂದ್ರ ಸರ್ಕಾರದ 2016ರ ಮಾದರಿ ಮಾರ್ಗಸೂಚಿ ಬಂದ ಹೊಸತರಲ್ಲಿ ನಾವೂ ಎಲ್ಲರಂತೆ ಕರಪತ್ರ ಹಂಚಿದೆವು. ಫ್ಲೆಕ್ಸು, ಲೋಕಲ್ ಕೇಬಲ್ಲಿನಲ್ಲಿ ಜಾಹೀರಾತು, ತಾಲ್ಲೂಕು ಕೇಂದ್ರದಲ್ಲಿ ಸಭೆ, ಬಂದವರಿಗೆ ಚಹಾ-ಚೂಡಾ. ಮೂವತ್ತು ಸಾವಿರದ ಹತ್ತಿರ ಖರ್ಚಾಗಿರಬೇಕು. ಬಂದವರಲ್ಲಿ ಮುಕ್ಕಾಲು ಪಾಲು ದತ್ತು ಸರದಿಯಲ್ಲಿ ಕಾದು ಬೇಸತ್ತ ದಂಪತಿಗಳು. ಎರಡು ವರ್ಷದೊಳಗಿನ ಮಗು ಇದೆಯಾ ಅಂತ ಮೊದಲ ಪ್ರಶ್ನೆ, ಬೆಳ್ಳಗಿದೆಯಾ ಅಂತ ಎರಡನೆಯದು. ನಮ್ಮ ಹತ್ತಿರ ಇದ್ದವರು ಹತ್ತರಿಂದ ಹದಿನಾಲ್ಕರ ಹುಡುಗರು. ಅಪ್ಪ ತೀರಿಹೋದ, ಅವ್ವ ಗುಳೆ ಹೋಗಿ ಸುದ್ದಿಯಿಲ್ಲದ, ಬಾಲಮಂದಿರದ ಗೋಡೆ ಜಿಗಿಯುವುದನ್ನು ಚೆನ್ನಾಗಿ ಕಲಿತ ಹುಡುಗರು.

ಆದರೂ ಪೇಟೆಯ ಮನೆಯೊಂದು ಒಪ್ಪಿತು. ಗಂಡ-ಹೆಂಡತಿ ಇಬ್ಬರಿಗೂ ನೌಕರಿ, ಹುಡುಗನಿಗೆ ಬೇರೆ ಕೋಣೆ, ಹೊಸ ಸೈಕಲ್. ಫೋಟೋದಲ್ಲಿ ನೋಡಿದರೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಊಟದ ಟೇಬಲ್ಲಿನ ಮೇಲೆ ಎಲ್ಲ ಇಟ್ಟು "ಬೇಕಾದಷ್ಟು ಹಾಕ್ಕೋ" ಅಂದರೆ ಹುಡುಗ ಎರಡು ಚಪಾತಿ ತಿಂದು ಎದ್ದುಬಿಡುತ್ತಿದ್ದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಡಬ್ಬಿಗೆ ಕೈ ಹಾಕಿ ಶೇಂಗಾ ಹಿಂಡಿ ತಿನ್ನುತ್ತಿದ್ದ. ಅವನಿಗೆ ಯಾರಾದರೂ ಬಡಿಸಬೇಕಿತ್ತು, "ಇನ್ನೊಂದು ತಿನ್ನೋ" ಅಂತ ಬೈಯಬೇಕಿತ್ತು. ಆ ಮನೆಯವರು ಅದನ್ನು ಕಳ್ಳತನ ಅಂದರು. ಮೂರನೆಯ ತಿಂಗಳಿಗೆ ಹುಡುಗ ಸೈಕಲ್ ಅಲ್ಲೇ ಬಿಟ್ಟು ನಡೆದುಕೊಂಡೇ ಹೊರಟುಹೋದ. ಎಲ್ಲಿಗೆ ಹೋದ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಆಮೇಲೆ ಹಲವು ಮಕ್ಕಳನ್ನು ಒಂದೇ ಮನೆಯಲ್ಲಿ ಬೆಳೆಸುವ ಗುಂಪು ಪೋಷಕತ್ವಕ್ಕೆ ಕೈ ಹಾಕಿದೆವು. ನಿಯಮದಲ್ಲಿ ಎಂಟು ಮಕ್ಕಳವರೆಗೆ ಅವಕಾಶ. ನಾವು ಆರಕ್ಕೇ ನಿಲ್ಲಿಸಿ ಬಾಡಿಗೆ ಮನೆ ಹಿಡಿದು ಒಬ್ಬ ದಂಪತಿಯನ್ನು ಇಟ್ಟೆವು. ಡಿಪಾಜಿಟ್ಟು ಅರವತ್ತು ಸಾವಿರ, ಬಾಡಿಗೆ ಎಂಟೊಂಬತ್ತು ಸಾವಿರ, ಇಬ್ಬರ ಗೌರವಧನ ಇಪ್ಪತ್ತೆರಡು, ಗ್ಯಾಸು, ಕಿರಾಣಿ, ದವಾಖಾನೆ ಸೇರಿಸಿದರೆ ತಲೆಗೆ ತಿಂಗಳಿಗೆ ಒಂಬತ್ತು-ಹತ್ತು ಸಾವಿರ ಬೀಳುತ್ತಿತ್ತು. ಆಗ ಸರ್ಕಾರದ ಫಾಸ್ಟರ್ ಅನುದಾನ ಮಗುವಿಗೆ ತಿಂಗಳಿಗೆ 2,000. ಮಿಕ್ಕಿದ್ದೆಲ್ಲ ದಾನಿಗಳ ಹಣ. ಚೆಂಡು ಕಾಂಪೌಂಡ್ ದಾಟಿತು ಅಂತ ಪಕ್ಕದವರ ತಕರಾರು, ನೀರು ಜಾಸ್ತಿ ಬಳಸುತ್ತಾರೆ ಅಂತ ಮಾಲೀಕರ ತಕರಾರು. ಅದನ್ನೂ ಸಹಿಸಬಹುದಿತ್ತು. ಒಂದು ಪಂಚಮಿಗೆ ಉಂಡಿ ಕಟ್ಟಿಕೊಂಡು ಊರಿಗೆ ಹೋದ ದಂಪತಿ ತಿರುಗಿ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಅವರನ್ನು ಏನೆನ್ನುವುದು? ಇಪ್ಪತ್ತನಾಲ್ಕು ಗಂಟೆಯ ಕೆಲಸ, ಭಾನುವಾರ ಇಲ್ಲ. ಆಸ್ಟ್ರಿಯಾದ ಇಮ್ಸ್ಟ್ ಊರಿನಲ್ಲಿ 1949ರಲ್ಲಿ ಶುರುವಾದ, ಆಸರೆಯಿಲ್ಲದ ಮಕ್ಕಳನ್ನು ತಾಯಿಯೊಬ್ಬಳಿರುವ ಮನೆಗಳಲ್ಲಿ ಬೆಳೆಸುವ ಎಸ್‌ಒಎಸ್ ಗ್ರಾಮದ ಮಾದರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ನಡೆಯುತ್ತದೆ, ಅವರಿಗೆ ಜಾಗ, ತಾಯಂದಿರ ತರಬೇತಿ, ದೊಡ್ಡ ವ್ಯವಸ್ಥೆ ಎಲ್ಲ ಇದೆ. ಬಾಡಿಗೆ ಮನೆಯಲ್ಲಿ ಕೂತು ಅದನ್ನು ನಕಲು ಮಾಡಲು ನಮ್ಮಂಥ ಸಣ್ಣವರಿಂದ ಆಗದು.

ಸೈಕಲ್ ಬಿಟ್ಟು ಹೋದ ಹುಡುಗ ಸಿಕ್ಕಿದ್ದು ರೊಟ್ಟಿ ಬಡಿದು ಖಾನಾವಳಿಗೆ ಕೊಡುವ ಒಬ್ಬ ಅಜ್ಜಿಯ ಮನೆಯಲ್ಲಿ. ಹಿಂದೆ ಬಾಲಮಂದಿರದಿಂದ ಓಡಿಹೋದಾಗಲೂ ಪ್ರತಿ ಸಲ ಅಲ್ಲೇ ಸಿಕ್ಕಿದ್ದ. ಪೊಲೀಸರಿಗೂ ಬಾಯಿಪಾಠವಾಗಿತ್ತು. ಆಕೆ ಅವನಿಗೆ ಸಂಬಂಧಿಯಲ್ಲ. ಅವನ ಅವ್ವ ಇದ್ದಾಗ ಅದೇ ಓಣಿಯಲ್ಲಿ ಇದ್ದರು, ಅಷ್ಟೆ. ಎಲ್ಲರೂ ಆ ಓಟವನ್ನು ಹುಡುಗನ ದೋಷ ಅಂತಲೇ ಫೈಲಿನಲ್ಲಿ ಬರೆದಿದ್ದರು. ನಾವು ಅದನ್ನು ಅರ್ಜಿ ಅಂತ ಓದಿದೆವು.

ಅಜ್ಜಿ ವಿಧವೆ, ಒಂಟಿ. ಆಗಿನ ಮಾರ್ಗಸೂಚಿಯಲ್ಲಿ ದಂಪತಿಗೆ ಮಾತ್ರ ಅವಕಾಶ. ಹಾಗಾಗಿ ಗೋಡೆಗೆ ಗೋಡೆ ಹೊಂದಿದ ಮನೆಯ ದಂಪತಿಯ ಹೆಸರಿನಲ್ಲಿ ಗೃಹ ಅಧ್ಯಯನ, ಅಂದರೆ ಮನೆ-ಮನೆಯವರ ಪರಿಶೀಲನೆ ಮಾಡಿ, ಆದೇಶವನ್ನು ಅವರ ಹೆಸರಿಗೇ ಪಡೆದೆವು. ಅಜ್ಜಿಯನ್ನು ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಆಸರೆಯ ಮನೆ ಅಂತ ಸೇರಿಸಿದೆವು, ಆಕೆಯದೂ ಪೊಲೀಸ್ ಪರಿಶೀಲನೆ ಆಯಿತು. ಆದೇಶ ಕೊಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಏನನ್ನೂ ಮುಚ್ಚಿಡಲಿಲ್ಲ. "ಇದೇನ್ರೀ, ಹುಡುಗ ಒಂದು ಕಡೆ ಉಣ್ಣೋದು, ಇನ್ನೊಂದು ಕಡೆ ಮಲಗೋದು?" ಅಂತ ಕೇಳಿದರು. ನಮ್ಮ ಓಣಿಗಳಲ್ಲಿ ಯಾವ ಮಗು ಹಾಗೆ ಬೆಳೆದಿಲ್ಲ ಹೇಳಿ ಅಂದೆ. ಮೂರು ತಿಂಗಳು ನೋಡೋಣ ಅಂದರು. ಆ ಹುಡುಗ ಆಮೇಲೆ ಓಡಿಲ್ಲ.

ಅಲ್ಲಿಂದ ಒಂದು ಮಗುವಿಗೆ ಹತ್ತಿರದ ಎರಡು ಮನೆ, ಅಂದರೆ ಜೋಡಿ ಮನೆ, ನಮ್ಮ ಪದ್ಧತಿಯಾಯಿತು. 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಒಂಟಿ ವ್ಯಕ್ತಿಗಳಿಗೂ ಅವಕಾಶ ಬಂತು, ಎರಡನೆಯ ಮನೆಯ ಅಗತ್ಯ ಕಾಗದದ ಮಟ್ಟಿಗೆ ತಪ್ಪಿತು. ಆದರೂ ನಾವು ಬಿಟ್ಟಿಲ್ಲ. ಮನೆ ಮುರಿಯುವುದು ಯಾವಾಗ ಅಂತ ಹಳೆಯ ಫೈಲುಗಳನ್ನು ಹರಡಿಕೊಂಡು ನೋಡಿದಾಗ ಹೆಚ್ಚಿನವು ಮೂರನೆಯ, ನಾಲ್ಕನೆಯ ತಿಂಗಳು. ಮೊದಲ ತಿಂಗಳು ಹುಡುಗ ಬೀಗರಂತೆ ಇರುತ್ತಾನೆ. ಆಮೇಲೆ ಒಂದು ಜಗಳ ಆಗಿಯೇ ಆಗುತ್ತದೆ. ಜಗಳದ ರಾತ್ರಿ ಅವನಿಗೆ ಹೋಗಲು ಇನ್ನೊಂದು ಬಾಗಿಲು ಇದ್ದರೆ ಹಾಸಿಗೆ ಸುತ್ತಿಕೊಂಡು ಅಲ್ಲಿಗೆ ಹೋಗುತ್ತಾನೆ, ಬೆಳಿಗ್ಗೆ ಚಹಾಕ್ಕೆ ಬರುತ್ತಾನೆ. ಇಲ್ಲದಿದ್ದರೆ ಬಸ್‌ಸ್ಟ್ಯಾಂಡ್. ಜನವರಿಯಿಂದ ನಮ್ಮ ಕಡೆಯ ಹೆಂಗಸರು ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದರೆ ಬರುವುದು ಕತ್ತಲಾದ ಮೇಲೆ, ಆಗಲೂ ಆ ಬಾಗಿಲೇ ಗತಿ.

ಮನೆ ಹುಡುಕುವ ಕೆಲಸ ಈಗ ಮಗುವಿನಿಂದಲೇ ಶುರು. "ಮನ್ಯಾಗ ಒಲಿ ಹತ್ತದ ದಿನ ಎಲ್ಲಿ ಉಂತಿದ್ದಿ?" ಅಂತ ಕೇಳುತ್ತೇವೆ. ಮೂರ್ನಾಲ್ಕು ಹೆಸರು ಬರುತ್ತವೆ. ಆ ಪಟ್ಟಿ ಹಿಡಿದು ಊರಿಗೆ ಹೋದರೆ ಮೊದಲು ಭೇಟಿಯಾಗುವುದು ಪಂಚಾಯ್ತಿಯವರನ್ನಲ್ಲ, ಶಾಲೆಯ ಬಿಸಿಯೂಟದ ಅಡುಗೆಯವರನ್ನು. ಯಾವ ಮಗು ಎರಡನೆಯ ಸಲ ತಟ್ಟೆ ಹಿಡಿದು ಬರುತ್ತದೆ, ಯಾವ ಮಗುವಿಗೆ ಊರಲ್ಲಿ ಯಾರು ತಲೆಗೆ ಎಣ್ಣೆ ಹಚ್ಚುತ್ತಾರೆ ಅನ್ನುವುದು ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಸಂಬಂಧಿಕರ ಮನೆಯಾದರೆ ಪ್ರಾಯೋಜಕತ್ವಕ್ಕೆ, ಅಂದರೆ ಮಗುವಿನ ಖರ್ಚಿಗೆ ಸರ್ಕಾರ ಕೊಡುವ ನೆರವಿಗೆ ಹಾಕುತ್ತೇವೆ, ಹೊರಗಿನವರಾದರೆ ಪೋಷಕತ್ವ. ಎರಡನೆಯ ಮನೆ ಕೂಗಿದರೆ ಕೇಳುವಷ್ಟು ದೂರದಲ್ಲಿರಬೇಕು, ಮೊದಲ ಮನೆಯ ದಾಯಾದಿಗಳಾಗಿರಬಾರದು, ಇಬ್ಬರ ನಡುವೆ ಕೈಗಡದ ವ್ಯವಹಾರ ಇರಬಾರದು. ಗೃಹ ಅಧ್ಯಯನದ ದಿನ ಅಡುಗೆಮನೆಯಲ್ಲಿ ಕೂತು ನಾನು ಒಂದು ಪ್ರಶ್ನೆ ಕೇಳುತ್ತೇನೆ, ಅದಕ್ಕೆ ಬರುವ ಉತ್ತರದ ಮೇಲೆ ಅರ್ಧ ತೀರ್ಮಾನ ಆಗುತ್ತದೆ. ಆ ಪ್ರಶ್ನೆ ಇಲ್ಲಿ ಬರೆದರೆ ನಾಳೆ ಎಲ್ಲರೂ ಉತ್ತರ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ, ಹಾಗಾಗಿ ಬೇಡ.

ಜಾತಿಯ ಮಾತು ಬರುವುದೇ ಇಲ್ಲ ಅಂತ ವರದಿಗಳಲ್ಲಿ ಬರೆಯುವವರನ್ನು ಕಂಡರೆ ನನಗೆ ನಗು. "ಯಾರ ಪೈಕಿ ಹುಡುಗ?" ಅಂತ ಕೇಳದ ಊರಿಲ್ಲ. ಕರಪತ್ರದ ಕಾಲದಲ್ಲಿ ಒಳ್ಳೊಳ್ಳೆಯ ಮನೆಗಳು ಆ ಒಂದು ಪ್ರಶ್ನೆಯಲ್ಲೇ ಕೈಬಿಟ್ಟವು. ಮಗುವೇ ಕೊಟ್ಟ ಪಟ್ಟಿಯಲ್ಲಿ ಆ ಸಮಸ್ಯೆ ತೀರಾ ಕಡಿಮೆ, ಯಾಕೆಂದರೆ ಅವರು ಆಗಲೇ ಉಣ್ಣಿಸಿದ್ದಾರೆ. ಮದುವೆ-ಮುಂಜಿಯ ಪಂಕ್ತಿಯಲ್ಲಿ ಇನ್ನೂ ಕಿರಿಕಿರಿ ಆಗುವುದುಂಟು. ಅದನ್ನು ಗೆದ್ದಿದ್ದೇವೆ ಅಂತ ಹೇಳಲಾರೆ.

ಇನ್ನು ಆಳು ಮಾಡಿಕೊಳ್ಳುವ ಪ್ರಶ್ನೆ. ಭಯ ಸುಳ್ಳಲ್ಲ. ನಮ್ಮ ಕಡೆ ಆಗಸ್ಟಿನಿಂದ ಹತ್ತಿ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್, ಅಂದರೆ ಮೊಗ್ಗು ಬಿಡಿಸಿ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಕೆಲಸ ಶುರುವಾದರೆ ಸಣ್ಣ ಬೆರಳುಗಳಿಗೆ ಬಲು ಬೇಡಿಕೆ. ಆ ದಿನಗಳಲ್ಲಿ ತಿಂಗಳ ಪರಿಶೀಲನೆಯ ಫಾರಂ 35 ತುಂಬಲು ಸಂಜೆ ಹೋಗಿ ಚಹಾ ಕುಡಿದು ಬಂದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಹತ್ತಕ್ಕೆ ಶಾಲೆಯ ಹಾಜರಿ ಪುಸ್ತಕ ನೋಡಿ, ಆಮೇಲೆ ಹುಡುಗನ ಹೆಬ್ಬೆರಳ ಉಗುರು ನೋಡಿ. ಮೊಗ್ಗು ಬಿಡಿಸಿದ ಕೈ ಸುಳ್ಳು ಹೇಳುವುದಿಲ್ಲ. ವಾಪಸ್ ಬಂದ ಮಕ್ಕಳಲ್ಲಿ ಒಬ್ಬನನ್ನು ನಾವೇ ಹೀಗೆ ಕಂಡುಹಿಡಿದು, ಸಮಿತಿಗೆ ಹೇಳಿ ಕರೆತಂದದ್ದು. ಆ ಮನೆಗೆ ಎರಡನೆಯ ಅವಕಾಶ ಕೊಡಿ ಅಂತ ಊರ ಹಿರಿಯರೇ ಬಂದರು. ಕೊಡಲಿಲ್ಲ.

ದುಡ್ಡಿನ ಕಥೆಗೆ ಬರೋಣ. 2022ರಲ್ಲಿ ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆ ಮಿಷನ್ ವಾತ್ಸಲ್ಯ ಬಂದ ಮೇಲೆ ಅನುದಾನ 4,000ಕ್ಕೆ ಏರಿತು, ಅದು ದೊಡ್ಡ ಉಪಕಾರ. ಆದರೆ ಕೇಂದ್ರದ ಶೇಕಡಾ 60, ರಾಜ್ಯದ ಶೇಕಡಾ 40 ಕೂಡಿ ಇಳಿಯುವ ಹೊತ್ತಿಗೆ ತಿಂಗಳುಗಳು ಕಳೆದು ಗಂಟಾಗಿ ಬರುತ್ತದೆ. ಒಬ್ಬ ಪೋಷಕ ತಾಯಿ ಅಂದದ್ದು ನನಗೆ ಮರೆಯುವುದಿಲ್ಲ: "ಹುಡುಗ ದಿನಾ ಉಣ್ತಾನ್ರೀ ಅಕ್ಕಾರ, ಸರಕಾರ ವರ್ಷಕ್ಕ ಎರಡು ಸಲ ಉಣ್ಣಾಕ ಕೊಟ್ರ ಹೆಂಗ?"

ಅದಕ್ಕೆ ನಾವು ಮಾಡಿದ್ದು ಇಷ್ಟು. ದಾನಿಗಳ ಹಣದಲ್ಲಿ ಒಂದೂವರೆ ಲಕ್ಷದಷ್ಟನ್ನು ಎರಡು ಸ್ತ್ರೀಶಕ್ತಿ ಸಂಘಗಳಲ್ಲಿ ಇಟ್ಟೆವು. ಸಂಘ ಪ್ರತಿ ತಿಂಗಳು ಮೊದಲ ವಾರ ಮನೆಗೆ 3,000 ಮುಂಗಡ ಕೊಡುತ್ತದೆ, ಅನುದಾನ ಜಮಾ ಆದಾಗ ಅಷ್ಟನ್ನು ಮರಳಿ ತೆಗೆದುಕೊಳ್ಳುತ್ತದೆ. ಬಡ್ಡಿ ಇಲ್ಲ, ಠರಾವು ನಡಾವಳಿ ಪುಸ್ತಕದಲ್ಲಿ ಇದೆ, ಆಡಿಟರ್ ಕಣ್ಣು ಹಾಯಿಸಿದ್ದಾರೆ. ಪೂರ್ತಿ 4,000 ಯಾಕೆ ಕೊಡುವುದಿಲ್ಲ ಅಂದರೆ, ಗಂಟು ಬಂದ ದಿನ ಎಲ್ಲವೂ ಸಾಲಕ್ಕೇ ಹೋದರೆ ಮನೆಯವರ ಮುಖ ಬಾಡುತ್ತದೆ. ಉಳಿದ ಸಾವಿರದಲ್ಲಿ ಬಟ್ಟೆ, ನೋಟ್‌ಬುಕ್ಕು, ಮಿಕ್ಕರೆ ಹುಡುಗನ ಆರ್‌ಡಿ. "ಒಂದು ರೂಪಾಯಿ ವಾಪಸ್ ಬಂದ್ರ ನನ್ನ ಮೀಸಿ ಬೋಳಸ್ತೀನಿ" ಅಂದಿದ್ದರು ಖಜಾಂಚಿಗಳು. ಈವರೆಗೆ ಹನ್ನೆರಡು ಸಾವಿರದ ಹತ್ತಿರ ಮಾತ್ರ ಬಾಕಿ, ಅದೂ ಮಗಳ ಹೆರಿಗೆಗೆ ಖರ್ಚು ಮಾಡಿದ ಒಂದೇ ಮನೆಯದು. ಮೀಸೆ ಹಾಗೇ ಇದೆ, ನಾವೂ ಒತ್ತಾಯಿಸಿಲ್ಲ. ಕಾರ್ಯಕರ್ತೆಯ ಪೆಟ್ರೋಲು, ತಿಂಗಳಿಗೆ ಹತ್ತು ಕೆಜಿ ಜೋಳ ಸೇರಿಸಿ ಈಗ ಒಂದು ಮಗುವಿಗೆ ನಮ್ಮ ಕೈಯಿಂದ ಸಾವಿರದಿಂದ ಒಂದೂವರೆ ಸಾವಿರ. ಬಾಡಿಗೆ ಮನೆಯ ಲೆಕ್ಕದ ಪಕ್ಕ ಇಟ್ಟು ನೋಡಿ. ಜೋಳ ಯಾಕೆಂದರೆ ಮಗುವಿನ ಹೆಸರನ್ನು ಅವರ ಪಡಿತರ ಚೀಟಿಗೆ ಸೇರಿಸಲು ನಮ್ಮಿಂದ ಆಗಿಲ್ಲ. ಯಾರಾದರೂ ಮಾಡಿಸಿದ್ದರೆ ದಾರಿ ಹೇಳಿ. ಬ್ಯಾಂಕಿನ ವಿಷಯದಲ್ಲಿ ಒಂದೇ ಮಾತು: ಆಧಾರ್‌ನಲ್ಲಿ ಬಾಲಮಂದಿರದ ವಿಳಾಸ ಇದ್ದರೆ ಮೊದಲು ಅದನ್ನು ಬದಲಿಸಿ, 15 ದಾಟಿದ ಹುಡುಗನ ಬೆರಳಚ್ಚು ನವೀಕರಿಸಿ, ಆಮೇಲೆ ಖಾತೆ ತೆರೆಯಿರಿ.

ನಡುವೆ ಕೋಳಿ ಪ್ರಯೋಗವೂ ಆಯಿತು. ಮಗು ಬರಿಗೈಯಲ್ಲಿ ಹೋಗಬಾರದು, ತನ್ನದು ಅಂತ ಏನಾದರೂ ಇರಲಿ ಅಂತ ಒಬ್ಬೊಬ್ಬರಿಗೆ ನಾಲ್ಕು ಗಿರಿರಾಜ ಮರಿ ಕೊಟ್ಟೆವು. ಕೆಲವನ್ನು ನಾಯಿ ಹಿಡಿಯಿತು, ಕೆಲವು ಕೊಕ್ಕರೆ ರೋಗಕ್ಕೆ ಹೋದವು, ಲಸಿಕೆ ಹಾಕಿಸಿದ ಒಬ್ಬನ ಕೋಳಿಗಳು ಮಾತ್ರ ಉಳಿದವು. ಅವನು ಮೊಟ್ಟೆ ಮಾರಿ ಕ್ರಿಕೆಟ್ ಬ್ಯಾಟ್ ತಂದ. ಯೋಜನೆ ಅಂತ ನೋಡಿದರೆ ಫೇಲು. ಆದರೆ ಆ ಮನೆಯಲ್ಲಿ "ಅವನ ಕೋಳಿ" ಅನ್ನುವ ಮಾತು ಹುಟ್ಟಿತು, ಅದಾದ ಮೇಲೆ "ಅವನ ಮೊಳೆ, ಅವನ ಅಂಗಿ" ಅಂತ ಗೋಡೆಯ ಮೇಲೆ ಜಾಗವೂ ಆಯಿತು. ಈಗ ಕೋಳಿ ಬಿಟ್ಟು ಬೀಗ ಇರುವ ಒಂದು ತಗಡಿನ ಟ್ರಂಕು ಕೊಡುತ್ತೇವೆ, ಬೀಗದ ಕೈ ಹುಡುಗನ ಹತ್ತಿರ.

ಹೆಣ್ಣುಮಕ್ಕಳಿಗೆ ಈ ಪದ್ಧತಿಯನ್ನು ಹಚ್ಚಿದ್ದು ಕಡಿಮೆ, ಎರಡನೆಯ ಮನೆಯಲ್ಲೂ ಹೆಂಗಸರೇ ಇರುವ ಕಡೆ ಮಾತ್ರ. ಅದರ ಬಗ್ಗೆ ಜೋರಾಗಿ ಮಾತಾಡುವಷ್ಟು ಅನುಭವ ಇಲ್ಲ.

ಈ ವರ್ಷ ಇಬ್ಬರು 18 ದಾಟುತ್ತಾರೆ. ಒಬ್ಬ ಐಟಿಐನಲ್ಲಿ ಫಿಟ್ಟರ್ ಓದುತ್ತಿದ್ದಾನೆ, ಇನ್ನೊಬ್ಬ ರೊಟ್ಟಿ ಅಜ್ಜಿಯ ಹುಡುಗ. ಪೋಷಕತ್ವದ ಅನುದಾನ ನಿಲ್ಲುತ್ತದೆ, 18 ದಾಟಿದವರಿಗೆ 46ನೇ ಕಲಮಿನಡಿ ಸಿಗುವ ನೆರವಿಗೆ, ಅಂದರೆ ಅನುಪಾಲನೆಗೆ ಅರ್ಜಿ ಹಾಕಿದ್ದೇವೆ. ಅಜ್ಜಿಯಂತೂ "ಅಂವಾ ಎಲ್ಲಿ ಹೋಗ್ತಾನ, ಇಲ್ಲೇ ಇರ್ತಾನ" ಅಂತ ಫೈಲು ಬದಿಗೆ ಸರಿಸಿದಳು. ಆದರೆ ಅನುದಾನವೇ ಬರದ ಹುಡುಗನಿಗೆ ಸಂಘ ಮುಂಗಡ ಕೊಡಬೇಕೋ ಬೇಡವೋ, ಕೊಟ್ಟರೆ ವಸೂಲಿ ಯಾರಿಂದ ಅನ್ನುವುದು ಮುಂದಿನ ಸಭೆಯ ವಿಷಯ. ಖಜಾಂಚಿಗಳು ಈಗಲೇ ಬೇಡ ಅಂದಿದ್ದಾರೆ.