ನ್ಯೂಜಿಲೆಂಡ್‌ನಲ್ಲಿ ಬೋಟಿಗೆ ಜನ ಹತ್ತಿಸುವ ಮೊದಲು

ಕಕ್ಕಡದ, ಅಂದರೆ ಕೊಡಗಿನ ಆಟಿ ತಿಂಗಳ ಮಳೆ. ದುಬಾರೆಯಲ್ಲಿ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ. ಆನೆ ಕ್ಯಾಂಪಿಗೆ ಜನರನ್ನು ದಾಟಿಸುವ ಬೋಟುಗಳು ದಡದಲ್ಲೇ ನಿಂತಿವೆ. ನ್ಯೂಜಿಲೆಂಡ್‌ನಲ್ಲಿ ಬೋಟ್ ವ್ಯವಹಾರ ನಡೆಸುವ ನಾನು ರಜೆಗೆ ಊರಿಗೆ ಬಂದು ನಂಜರಾಯಪಟ್ಟಣದ ಮನೆಯ ಜಗಲಿಯಲ್ಲಿ ಕೂತಿದ್ದಾಗ ನ್ಯೂಜಿಲೆಂಡ್‌ನಿಂದ ಫೋನ್ ಬಂತು. ಸಿದ್ದಾಪುರದ ಹುಡುಗ, ಈಗ ರೊಟೊರುವಾದಲ್ಲಿದ್ದಾನೆ. ಸರೋವರದ ಪಕ್ಕ ನಮ್ಮ ಕೊಡಗಿನ ಥರವೇ ಹೋಂಸ್ಟೇ ಮಾಡಬೇಕೆಂದಿದ್ದಾನೆ.

"ಅಣ್ಣಾ, ಬಂದವರನ್ನು ಬೋಟಲ್ಲಿ ಒಂದು ಸುತ್ತು ಕರ್ಕೊಂಡು ಹೋಗ್ತೀನಿ ಅಷ್ಟೆ. ಅದಕ್ಕೆ ಬೇರೆ ದುಡ್ಡು ತಗೊಳ್ಳಲ್ಲ. ಸರ್ಟಿಫಿಕೇಟ್ ಬೇಕಾಗಲ್ಲ ಅಲ್ವಾ?"

ಬೇಕು. ನಮ್ಮವರು ಎಡವುವುದು ಇಲ್ಲೇ. ಆ ದೇಶದಲ್ಲಿ ಸ್ವಂತ ಬೋಟಿನಲ್ಲಿ ಹೆಂಡತಿ ಮಕ್ಕಳ ಜೊತೆ ಮೀನು ಹಿಡಿಯಲು ಹೋಗುವುದಕ್ಕೆ ಲೈಸೆನ್ಸ್ ಕಡ್ಡಾಯವಿಲ್ಲ. ಅದನ್ನು ನೋಡಿ, ನೀರಿನ ಮೇಲೆ ಕಟ್ಟುನಿಟ್ಟು ಕಡಿಮೆ ಎಂದುಕೊಳ್ಳುತ್ತೇವೆ. ಆದರೆ 1994ರ ಮರಿಟೈಮ್ ಟ್ರಾನ್ಸ್‌ಪೋರ್ಟ್ ಕಾಯ್ದೆ ಮೋಜಿನ ಬೋಟು ಯಾವುದು ಎಂದು ಹೇಳುವಾಗ, ಬಾಡಿಗೆಗೆ ಓಡುವ ಬೋಟನ್ನು ಹೊರಗಿಡುತ್ತದೆ. ಹೋಟೆಲು, ಮೋಟೆಲು ಅಥವಾ ಬೇರೆ ಯಾವುದೇ ವ್ಯವಹಾರದವರು ತಮ್ಮಲ್ಲಿಗೆ ಬಂದವರಿಗಾಗಿ ಇಟ್ಟ ಬೋಟನ್ನೂ ಹೊರಗಿಡುತ್ತದೆ. ಬೋಟಿಗೆ ಬೇರೆ ದುಡ್ಡು ತೆಗೆದುಕೊಂಡಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಇದನ್ನೆಲ್ಲ ನೋಡಿಕೊಳ್ಳುವುದು ಮರಿಟೈಮ್ ನ್ಯೂಜಿಲೆಂಡ್ ಎಂಬ ಸರ್ಕಾರಿ ಸಂಸ್ಥೆ. ಬೋಟ್ ವ್ಯವಹಾರಗಳ ಸುರಕ್ಷತೆಗೆ ಈಗಿರುವ ವ್ಯವಸ್ಥೆಯ ಹೆಸರು ಮಾಸ್ (ಮರಿಟೈಮ್ ಆಪರೇಟರ್ ಸೇಫ್ಟಿ ಸಿಸ್ಟಂ). 2014ರ ಜುಲೈ 1ರಿಂದ ಜಾರಿಯಲ್ಲಿದೆ. ಇದರ ಕೆಳಗೆ ಬೋಟ್ ವ್ಯವಹಾರ ನಡೆಸುವವರು ಪಡೆಯಬೇಕಾದ ಸರ್ಟಿಫಿಕೇಟಿಗೆ ಎಂ.ಟಿ.ಓ.ಸಿ. (ಮರಿಟೈಮ್ ಟ್ರಾನ್ಸ್‌ಪೋರ್ಟ್ ಆಪರೇಟರ್ ಸರ್ಟಿಫಿಕೇಟ್) ಎನ್ನುತ್ತಾರೆ. ಹೆಚ್ಚೆಂದರೆ 10 ವರ್ಷಕ್ಕೆ ಕೊಡುತ್ತಾರೆ. ನಡುವೆ ಆಡಿಟ್, ಅಂದರೆ ಬಂದು ತಪಾಸಣೆ ಮಾಡುತ್ತಾರೆ.

ಬೋಟಿಗೆ ಸರ್ವೆ, ಅಂದರೆ ಅದು ಕೆಲಸಕ್ಕೆ ಸುರಕ್ಷಿತವೇ ಎಂಬ ತಪಾಸಣೆ ಆಗಬೇಕು. ಮರಿಟೈಮ್ ನ್ಯೂಜಿಲೆಂಡ್ ಮಾನ್ಯತೆ ಕೊಟ್ಟ ಸರ್ವೇಯರ್ ಅದನ್ನು ಮಾಡುತ್ತಾರೆ, ಅವರ ಫೀಸು ನೀವೇ ಕೊಡಬೇಕು. ಬೋಟು ಕೊಳ್ಳುವ ಮೊದಲೇ ಅವರನ್ನು ಕರೆಸಿ ತೋರಿಸಿ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಆಮೇಲೆ ಸರ್ವೆಗಾಗಿ ಅದಕ್ಕಿಂತ ಜಾಸ್ತಿ ಸುರಿದವರು ನನಗೆ ಗೊತ್ತು.

ಓಡಿಸುವವರಿಗೆ ಬೇರೆ ಟಿಕೆಟ್, ಅಂದರೆ ಅರ್ಹತೆಯ ಪತ್ರ ಬೇಕು. ಸಣ್ಣ ಪ್ರವಾಸಿ ಬೋಟಿನವರು ಸಾಮಾನ್ಯವಾಗಿ ಮಾಡಿಕೊಳ್ಳುವುದು ಸ್ಕಿಪ್ಪರ್ ರಿಸ್ಟ್ರಿಕ್ಟೆಡ್ ಲಿಮಿಟ್ಸ್, ಗೊತ್ತುಪಡಿಸಿದ ಮಿತಿಯೊಳಗಿನ ನೀರಿನಲ್ಲಿ ಬೋಟು ಓಡಿಸುವ ಅರ್ಹತೆ. ಅದಕ್ಕೆ ತರಬೇತಿ, ನೀರಿನ ಮೇಲೆ ದುಡಿದ ಸಮಯದ ದಾಖಲೆ, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್, ಕಣ್ಣು ಮತ್ತು ಆರೋಗ್ಯದ ಪರೀಕ್ಷೆ ಬೇಕು.

ಇವೆರಡಕ್ಕಿಂತ ಕಷ್ಟದ್ದು ಪ್ಲಾನ್. ಎಂ.ಟಿ.ಓ.ಪಿ. (ಮರಿಟೈಮ್ ಟ್ರಾನ್ಸ್‌ಪೋರ್ಟ್ ಆಪರೇಟರ್ ಪ್ಲಾನ್) ಎನ್ನುತ್ತಾರೆ. ನಿಮ್ಮ ಬೋಟಿನ ದಿನ ಹೇಗೆ ನಡೆಯುತ್ತದೆ ಎಂದು ನೀವೇ ಬರೆಯಬೇಕು. ಯಾರು ಹೊಣೆ, ಅಪಾಯ ಎಲ್ಲೆಲ್ಲಿದೆ, ಹೊಸ ಕೆಲಸಗಾರನಿಗೆ ಏನು ಕಲಿಸುತ್ತೀರಿ, ಎಂಜಿನ್ ಯಾವಾಗ ನೋಡುತ್ತೀರಿ, ಬೆಂಕಿ ಬಿದ್ದರೆ ಏನು ಮಾಡುತ್ತೀರಿ, ಎಷ್ಟು ಗಾಳಿ ಬಂದರೆ ಹೊರಡುವುದಿಲ್ಲ.

ನನ್ನ ಮೊದಲ ಪ್ಲಾನ್ ಬೇರೆಯವರದ್ದನ್ನು ನೋಡಿ ಬರೆದದ್ದು. ವಾರಕ್ಕೊಮ್ಮೆ ಬಿಲ್ಜ್ ಪಂಪ್ (ಬೋಟಿನ ತಳಕ್ಕೆ ಸೇರಿದ ನೀರನ್ನು ಹೊರಹಾಕುವ ಪಂಪ್) ಪರೀಕ್ಷೆ ಎಂದು ಅದರಲ್ಲಿತ್ತು. ಸರ್ಟಿಫಿಕೇಟ್ ಕೊಡುವ ಮೊದಲು ಸ್ಥಳ ನೋಡಲು ಬಂದ ಅಧಿಕಾರಿ, ಯಾರು ಮಾಡುತ್ತಾರೆ, ಯಾವ ಪುಸ್ತಕದಲ್ಲಿ ಬರೆಯುತ್ತಾರೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ನನ್ನ ಜೊತೆ ಕೆಲಸ ಮಾಡುವ ಹುಡುಗನ ಕಡೆ ತಿರುಗಿದರು. ಒಬ್ಬರು ನೀರಿಗೆ ಬಿದ್ದರೆ ಕೂಗುವವರು ಯಾರು, ಎಂಜಿನ್ ನಿಧಾನ ಮಾಡುವವರು ಯಾರು, ಬಿದ್ದವರ ಮೇಲಿಂದ ಕಣ್ಣು ತೆಗೆಯದೆ ನಿಲ್ಲುವವರು ಯಾರು? ಅವನು ನನ್ನ ಮುಖ ನೋಡಿದ. ಆ ನೋಟ ನನಗೆ ಇವತ್ತಿಗೂ ನೆನಪಿದೆ. ಎಲ್ಲವನ್ನೂ ಮತ್ತೆ ಬರೆದೆವು, ಈ ಸಲ ಇಬ್ಬರೂ ಕೂತು.

ಕಾವೇರಿ ದಡದವರಿಗೆ ಇದು ಹೊಸ ವಿದ್ಯೆಯೇನಲ್ಲ. ದುಬಾರೆಯಲ್ಲಿ ಬಿಸಿಲಿದ್ದರೂ ಭಾಗಮಂಡಲದಲ್ಲಿ ಮಳೆ ಜೋರಾದರೆ ನೀರು ಏರುತ್ತದೆ ಎಂದು ನಮ್ಮ ಹಳಬರಿಗೆ ಗೊತ್ತು. ಹೊಳೆಯ ಬಣ್ಣ ನೋಡಿಯೇ ಇವತ್ತು ಬೇಡ ಎನ್ನುತ್ತಾರೆ. ಆದರೆ ಅದೆಲ್ಲ ತಲೆಯಲ್ಲಿದೆ. ಹಳಬರು ಇಲ್ಲದ ದಿನ ಏನು? ಅಲ್ಲಿಯವರು ಆ ತಿಳಿವಳಿಕೆಯನ್ನೇ ಕಾಗದದ ಮೇಲೆ ಕೇಳುತ್ತಾರೆ, ಬರೆದ ಹಾಗೆ ನಡೆಯುತ್ತೀರಾ ಎಂದು ಆಡಿಟ್‌ನಲ್ಲಿ ನೋಡುತ್ತಾರೆ. ಹಾಗಾಗಿ ಮಾಡಲಾಗದ್ದನ್ನು ಚೆನ್ನಾಗಿ ಕಾಣಲಿ ಅಂತ ಬರೆಯಬೇಡಿ.

ಬೋಟಿನಲ್ಲಿ ಎಷ್ಟು ಜನ ಎಂಬ ಲೆಕ್ಕವನ್ನು ಮಾತ್ರ ಎಂದೂ ಸಡಿಲ ಬಿಡಬೇಡಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿ 16 ಜನ ಹೋದರು. ಹಿಡಿಸುವುದಕ್ಕಿಂತ ಜಾಸ್ತಿ ಜನರಿದ್ದರು. ಇನ್ನೊಬ್ಬರು ಹತ್ತಲಿ ಬಿಡಿ ಎಂದು ಯಾರಾದರೂ ಅಂದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ದುಬಾರೆಯಲ್ಲೋ ಬರಪೊಳೆಯಲ್ಲೋ ರಾಫ್ಟ್ ಗೈಡ್ ಆಗಿದ್ದವರು ಗಮನಿಸಿ: ನದಿಯ ರಾಫ್ಟಿಂಗ್‌ಗೆ ಮರಿಟೈಮ್ ನಿಯಮಗಳ 81ನೇ ಭಾಗ, ನದಿಯ ಜೆಟ್ ಬೋಟಿಗೆ 82ನೇ ಭಾಗ ಬೇರೆಯೇ ಇವೆ. ನಾನು ಹೇಳಿದ ದಾರಿ ಅವಕ್ಕೆ ಹಾಗೆಯೇ ಹೊಂದುವುದಿಲ್ಲ. ಇಲ್ಲಿಯ ಅನುಭವವನ್ನು ಬರೆದಿಟ್ಟುಕೊಂಡು ಹೋಗಿ.

ಅರ್ಜಿ ಹಾಕುವವರು ಯೋಗ್ಯರೇ ಎಂದೂ ನೋಡುತ್ತಾರೆ. ಸಾರಿಗೆ ಸುರಕ್ಷತೆಯ ತಪ್ಪಿಗೆ ಬೇರೆ ದೇಶದಲ್ಲಿ ಶಿಕ್ಷೆಯಾಗಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ, ಮುಚ್ಚಿಡಬೇಡಿ. ನಡೆಯುತ್ತಿರುವ ಬೋಟ್ ವ್ಯವಹಾರ ಕೊಂಡರೂ ಹಳಬರ ಎಂ.ಟಿ.ಓ.ಸಿ. ನಿಮ್ಮದಾಗುವುದಿಲ್ಲ, ನಿಮ್ಮದನ್ನು ನೀವೇ ಪಡೆಯಬೇಕು. ವೇಗ, ದಕ್ಕೆ, ಎಲ್ಲಿ ನಿಲ್ಲಿಸಬಹುದು ಎಂಬುದಕ್ಕೆ ಸ್ಥಳೀಯ ಕೌನ್ಸಿಲ್‌ನ ಹಾರ್ಬರ್‌ಮಾಸ್ಟರ್‌ರನ್ನು, ಅಂದರೆ ಅಲ್ಲಿಯ ನೀರಿನ ಮೇಲಿನ ಸಂಚಾರ ನೋಡಿಕೊಳ್ಳುವ ಅಧಿಕಾರಿಯನ್ನು ಕೇಳಿ. ಅಪಘಾತವಾದರೆ ಆದಷ್ಟು ಬೇಗ ಮರಿಟೈಮ್ ನ್ಯೂಜಿಲೆಂಡ್‌ಗೆ ತಿಳಿಸಬೇಕು, ಅದು ಕಾನೂನು.

ಸಿದ್ದಾಪುರದ ಹುಡುಗನಿಗೆ ಇಷ್ಟೆಲ್ಲ ಫೋನಿನಲ್ಲಿ ಹೇಳಲಿಲ್ಲ. ಬೋಟು ನೋಡುವುದನ್ನು ನಿಲ್ಲಿಸಿ, ಯಾವ ಯಾವ ದಿನ ನೀನು ನೀರಿಗೆ ಇಳಿಯುವುದಿಲ್ಲ ಎಂದು ಒಂದು ಹಾಳೆ ಬರೆದು ಕಳಿಸು ಎಂದೆ. ರಾತ್ರಿ ಕಳಿಸಿದ. ಗಾಳಿ, ಮಂಜು, ಕತ್ತಲು ಎಲ್ಲ ಇತ್ತು. ತನಗೆ ಜ್ವರ ಬಂದ ದಿನ ಮಾತ್ರ ಇರಲಿಲ್ಲ. ಅದನ್ನೂ ಸೇರಿಸು ಎಂದು ಬರೆದೆ.