ಬೇಯಾನ್‌ನಿಂದ ಕೆರಿಬಿಯನ್‌ಗೆ: ಚಳಿಗಾಲದ ದೀರ್ಘ ಕ್ರೂಸ್‌ಗೆ ನಾನು ತಯಾರಾಗುವ ಬಗೆ

ನ್ಯೂಜೆರ್ಸಿಯಿಂದ ಜನವರಿ, ಫೆಬ್ರವರಿಯಲ್ಲಿ ಹಡಗು ಹತ್ತಿ ಕೆರಿಬಿಯನ್‌ಗೆ ಹೋಗುವುದಾದರೆ 10 ರಾತ್ರಿಗಿಂತ ಕಡಿಮೆಯದ್ದನ್ನು ನಾನು ಬುಕ್ ಮಾಡುವುದಿಲ್ಲ. ದೂರವೇ ಹಾಗಿದೆ. ನ್ಯೂಯಾರ್ಕ್ ಬಂದರಿನಿಂದ ಪೋರ್ಟೊ ರಿಕೋದ ಸ್ಯಾನ್ ಹುವಾನ್‌ಗೆ ಸುಮಾರು 1,400 ನಾಟಿಕಲ್ ಮೈಲಿ. 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ವೇಗದಲ್ಲಿ ನಿಲ್ಲದೆ ಓಡಿದರೂ 70 ಗಂಟೆ ಬೇಕು. ಸಂಜೆ 4ಕ್ಕೆ ಹೊರಟ ಹಡಗು ನಾಲ್ಕನೇ ದಿನ ಮಧ್ಯಾಹ್ನ ದಡ ಸೇರುತ್ತದೆ. ವಾಪಸು ಬರುವಾಗಲೂ ಅಷ್ಟೇ ಹೊತ್ತು. 8 ರಾತ್ರಿಯ ಪ್ರವಾಸದಲ್ಲಿ ದ್ವೀಪಗಳಿಗೆ ಉಳಿಯುವುದು ಎರಡೋ ಮೂರೋ ದಿನ. ಅಷ್ಟಕ್ಕೆ ವಿಮಾನದಲ್ಲಿ ಸ್ಯಾನ್ ಹುವಾನ್‌ಗೋ ಮಯಾಮಿಗೋ ಹೋಗಿ ಅಲ್ಲಿಂದ ಹಡಗು ಹತ್ತುವುದೇ ಮೇಲು. 12 ರಾತ್ರಿಯದ್ದಾದರೆ ಐದಾರು ದಿನ ಸಮುದ್ರ, ಐದಾರು ದಿನ ದ್ವೀಪ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದು, ಏರ್‌ಪೋರ್ಟ್ ಓಡಾಟ ಬೇಡವೆನ್ನುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಚಳಿಗಾಲದ ರಜೆ ನನಗೆ ಗೊತ್ತಿಲ್ಲ.

ನಾವು ಹತ್ತುವುದು ನ್ಯೂಜೆರ್ಸಿಯ ಬೇಯಾನ್‌ನಲ್ಲಿರುವ ಕೇಪ್ ಲಿಬರ್ಟಿ ಬಂದರಿನಲ್ಲಿ. ಹಿಂದೆ ಸೈನ್ಯದ ಸರಕು ಬಂದರಾಗಿದ್ದ ಜಾಗ ಅದು. 2004ರಿಂದ ರಾಯಲ್ ಕೆರಿಬಿಯನ್ ಕಂಪನಿ ಅಲ್ಲಿಂದ ಹಡಗು ಬಿಡುತ್ತಿದೆ. ಮ್ಯಾನ್‌ಹ್ಯಾಟನ್, ಬ್ರೂಕ್ಲಿನ್‌ನ ರೆಡ್ ಹುಕ್, ದಕ್ಷಿಣಕ್ಕೆ ಬಾಲ್ಟಿಮೋರ್‌ನಿಂದಲೂ ಹಡಗುಗಳಿವೆ. ಯಾವ ಬಂದರಾದರೂ ಮೊದಲ ಎರಡು ದಿನದ ಸಮುದ್ರ ಹೆಚ್ಚುಕಡಿಮೆ ಒಂದೇ.

ಬುಕ್ ಮಾಡುವ ಮೊದಲು ಕಾಗದಪತ್ರ ನೋಡಿ. ಅಮೆರಿಕದಲ್ಲಿರುವ ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ವಿಸಾ ಸ್ಟಾಂಪ್ ಮುಗಿದಿದ್ದರೂ ಕೆನಡಾ, ಮೆಕ್ಸಿಕೋಗೆ 30 ದಿನದೊಳಗೆ ಹೋಗಿಬರಬಹುದು ಎಂಬ ನಿಯಮವನ್ನು ಎಚ್-1ಬಿ ಕೆಲಸದ ವಿಸಾದವರು ಕೆರಿಬಿಯನ್‌ಗೂ ಅನ್ವಯಿಸಿಕೊಂಡುಬಿಡುತ್ತಾರೆ. ಅದು ತಪ್ಪು. ಪಕ್ಕದ ದ್ವೀಪಗಳಿಗೂ ಆ ಅನುಕೂಲ ಇರುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವಿಸಾದವರಿಗೆ ಮಾತ್ರ, ಅದೂ ಕ್ಯೂಬಾ ಬಿಟ್ಟು. ಎಚ್-1ಬಿ, ಅವರ ಕುಟುಂಬದ ಎಚ್-4, ಕಂಪನಿಯೊಳಗಿನ ವರ್ಗಾವಣೆಯ ಎಲ್-1ರವರ ಪಾಸ್‌ಪೋರ್ಟಿನಲ್ಲಿ ವಾಪಸು ಬರುವ ದಿನಕ್ಕೂ ಚಾಲ್ತಿಯಲ್ಲಿರುವ ಸ್ಟಾಂಪ್ ಇರಬೇಕು. ಅರ್ಜಿ ಮಂಜೂರಾದ ಐ-797 ಕಾಗದವೊಂದೇ ಸಾಲದು. ಗ್ರೀನ್ ಕಾರ್ಡ್‌ಗೆ ಐ-485 ಅರ್ಜಿ ಹಾಕಿ ಕಾಯುತ್ತಿರುವವರು ಎಚ್ ಅಥವಾ ಎಲ್ ಸ್ಥಿತಿಯಲ್ಲಿ ಇಲ್ಲದಿದ್ದರೆ ಅಡ್ವಾನ್ಸ್ ಪೆರೋಲ್ (ಹೊರಹೋಗಿ ಮರಳಲು ಮೊದಲೇ ಪಡೆಯುವ ಅನುಮತಿ) ಕೈಗೆ ಬರುವ ತನಕ ಹಡಗು ಹತ್ತಬಾರದು, ಹತ್ತಿದರೆ ಅರ್ಜಿಯನ್ನೇ ಕೈಬಿಟ್ಟಂತೆ. ಊರಿಂದ ಬಂದ ಅಪ್ಪ ಅಮ್ಮನ ಬಿ-2 (ಪ್ರವಾಸಿ) ವಿಸಾ ಮಲ್ಟಿಪಲ್ ಎಂಟ್ರಿ, ಅಂದರೆ ಹಲವು ಸಲ ಒಳಬರಲು ಬಿಡುವಂಥದ್ದು, ಆಗಿರಬೇಕು. ಅಮೆರಿಕ ಪ್ರವೇಶದ ದಾಖಲೆಯಾದ ಐ-94ರ ಪ್ರಿಂಟ್ ಮತ್ತು ಬೆಂಗಳೂರಿಗೆ ಮರಳುವ ಟಿಕೆಟ್ಟಿನ ಪ್ರತಿ ಅವರ ಕೈಚೀಲದಲ್ಲೇ ಇರಲಿ. ಕ್ರೂಸ್‌ಗೆ ಹೋಗಿಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ.

ದ್ವೀಪಗಳ ವಿಸಾ ಇನ್ನೊಂದು ಕಥೆ. ಪೋರ್ಟೊ ರಿಕೋ, ಸೇಂಟ್ ಥಾಮಸ್ ಅಮೆರಿಕದ್ದೇ. ಬಾರ್ಬಡೋಸ್, ಡೊಮಿನಿಕಾ ಭಾರತದ ಪಾಸ್‌ಪೋರ್ಟಿಗೆ ವಿಸಾ ಕೇಳುವುದಿಲ್ಲ. ಮಾರ್ಟಿನಿಕ್ ಫ್ರಾನ್ಸಿನ ಭಾಗ, ಹಾಗಾಗಿ ಅಲ್ಲಿ ನಿಲ್ಲುವ ಹಡಗಾದರೆ ಮುಂಗಡ ಕೊಡುವ ಮೊದಲೇ ಹಡಗಿನ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆದುಕೊಳ್ಳಿ. ನೀವು ಹಡಗಿನಿಂದ ಇಳಿಯದಿದ್ದರೂ ಪಟ್ಟಿಯಲ್ಲಿರುವ ಒಂದು ಬಂದರಿನ ವಿಸಾ ಇಲ್ಲವೆಂದು ಬೇಯಾನ್‌ನಲ್ಲೇ ತಡೆಯುವ ಅಧಿಕಾರ ಅವರಿಗಿದೆ. ಹಾಗೆ ತಡೆದರೆ ಹಣ ವಾಪಸು ಬರುವುದಿಲ್ಲ.

ಇನ್ನು ಸಮುದ್ರ. ಈ ಪ್ರವಾಸ ಸುಖವಾಗುವುದೂ ಕೆಡುವುದೂ ಮೊದಲ 40 ಗಂಟೆಯಲ್ಲಿ. ವೆರಜಾನೊ ಸೇತುವೆಯ ಕೆಳಗೆ ಹಾದು ಆಂಬ್ರೋಸ್ ಕಾಲುವೆ ದಾಟುವ ತನಕ ನೀರು ಕೆರೆಯಷ್ಟು ಶಾಂತ. ತೆರೆದ ಅಟ್ಲಾಂಟಿಕ್‌ಗೆ ಬಿದ್ದ ಮೇಲೆ ಮೊದಲ ರಾತ್ರಿ ಮತ್ತು ಮಾರನೇ ದಿನ ಉತ್ತರ ಕೆರೊಲಿನಾದ ಹ್ಯಾಟರಸ್ ಭೂಶಿರದ ಆಚೆಗಿನ ನೀರಿನಲ್ಲಿ ಸಾಗುತ್ತೀರಿ. ಬಿಸಿನೀರಿನ ಗಲ್ಫ್ ಸ್ಟ್ರೀಮ್ ಅಲ್ಲಿ ಈಶಾನ್ಯಕ್ಕೆ ಹರಿಯುತ್ತದೆ. ಈಶಾನ್ಯದ ಕಡೆಯಿಂದ ಬರುವ ಚಳಿಗಾಲದ ನಾರ್‌ಈಸ್ಟರ್ ಗಾಳಿ ಅದಕ್ಕೆ ಎದುರಾಗಿ ಬೀಸಿದರೆ ಅಲೆಗಳು ಎತ್ತರವಾಗುವುದಷ್ಟೇ ಅಲ್ಲ, ಕಡಿದಾಗಿ ಒಂದರ ಹಿಂದೆ ಒಂದು ಹತ್ತಿರ ಹತ್ತಿರ ಬರುತ್ತವೆ. 2016ರ ಫೆಬ್ರವರಿ 6ರಂದು ಬೇಯಾನ್‌ನಿಂದ ಹೊರಟ ಆಂಥೆಮ್ ಆಫ್ ದ ಸೀಸ್ ಹಡಗು ಮಾರನೇ ದಿನ ಈ ಭಾಗದಲ್ಲೇ ಬಿರುಗಾಳಿಗೆ ಸಿಕ್ಕು, ಪ್ರವಾಸ ಮೊಟಕುಗೊಳಿಸಿ 10ರಂದು ವಾಪಸು ಬಂತು. ಅಂಥದ್ದು ಅಪರೂಪ. ಆದರೆ ಒಂದು ದಿನ ಚೆನ್ನಾಗಿ ತೂಗಾಡುವುದು ಅಪರೂಪವಲ್ಲ.

ಆದ್ದರಿಂದ ಕೋಣೆ ಆರಿಸುವಾಗ ಬಾಲ್ಕನಿ ಇದೆಯೇ ಎಂದು ನೋಡುವ ಮೊದಲು ಅದು ಹಡಗಿನ ಯಾವ ಭಾಗದಲ್ಲಿದೆ ಎಂದು ನೋಡುತ್ತೇನೆ. ನಡುಭಾಗ, ಆದಷ್ಟು ಕೆಳಗಿನ ಡೆಕ್. ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನವರಿಗೂ ನಡುವಿನ ಸೀಟಿನವರಿಗೂ ಇರುವ ವ್ಯತ್ಯಾಸವೇ ಇಲ್ಲೂ. ಮುಂಭಾಗದ ಕೋಣೆಯಲ್ಲಿ ಅಲೆ ಬಡಿದ ಸದ್ದಿಗೇ ನಿದ್ದೆ ಹಾರಿಹೋಗುತ್ತದೆ. ಚಳಿಗಾಲದಲ್ಲಿ ಬಾಲ್ಕನಿಗೆ ಕೊಟ್ಟ ದುಡ್ಡು ಹೋಗುವಾಗ ಎರಡು ದಿನ, ಬರುವಾಗ ಎರಡು ದಿನ ವ್ಯರ್ಥ. ಬೆಲೆಯ ಅಂತರ ದೊಡ್ಡದಿದ್ದರೆ ಸಮುದ್ರ ಕಾಣುವ ಕಿಟಕಿಯ ಕೋಣೆ ಸಾಕು. ಬಾಲ್ಕನಿ ಬೇಕೇಬೇಕು ಎಂದರೆ, ದಕ್ಷಿಣಕ್ಕೆ ಹೋಗುವಾಗ ಎಡಮಗ್ಗುಲಿಗೆ ಬೆಳಗಿನ ಬಿಸಿಲು, ಬಲಕ್ಕೆ ಸಂಜೆಯದು. ಮರಳುವಾಗ ಅದಲುಬದಲು.

ಹಡಗಿನ ತೂಗಾಟಕ್ಕೆ ಹೊಟ್ಟೆ ತೊಳಸದಿರಲು ಮಾತ್ರೆಯನ್ನು ವಾಂತಿ ಶುರುವಾದ ಮೇಲಲ್ಲ, ಮೊದಲೇ ತೆಗೆದುಕೊಳ್ಳಬೇಕು. ಮೆಕ್ಲಿಝಿನ್ 25 ಮಿಲಿಗ್ರಾಂ ಇಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಹಡಗು ದಡ ಬಿಡುವ ಒಂದು ಗಂಟೆ ಮೊದಲು ಒಂದು, ಮಾರನೇ ದಿನ ಮತ್ತೆ ಒಂದು. ನಿದ್ದೆ ಬರಿಸುತ್ತದೆ, ಆದ್ದರಿಂದ ಅದರ ಜೊತೆ ಮದ್ಯ ಬೇಡ. ಕಿವಿಯ ಹಿಂದೆ ಅಂಟಿಸುವ ಸ್ಕೋಪಾಲಮಿನ್ ಪ್ಯಾಚ್ ಇನ್ನೂ ಬಲವಾದದ್ದು; ಹೊರಡುವ ಕನಿಷ್ಠ 4 ಗಂಟೆ ಮೊದಲು ಹಚ್ಚಬೇಕು, ಮೂರು ದಿನ ಕೆಲಸ ಮಾಡುತ್ತದೆ. ಇದಕ್ಕೆ ವೈದ್ಯರ ಚೀಟಿ ಬೇಕು. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಎರಡನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ. ಪ್ಯಾಚ್ ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣಿಗೆ ತಾಗಿಸಿದರೆ ಪಾಪೆ ಹಿಗ್ಗಿ ನೋಟ ಮಂಜಾಗುತ್ತದೆ. ಹೊಟ್ಟೆ ಖಾಲಿ ಬಿಡಬಾರದು: ಒಣ ಬಿಸ್ಕೆಟ್, ಹಸಿರು ಸೇಬು, ಸ್ವಲ್ಪ ಮೊಸರನ್ನ. ಓದುವುದು, ಫೋನ್ ನೋಡುವುದು ನಿಲ್ಲಿಸಿ ಕೆಳಗಿನ ಡೆಕ್‌ನ ನಡುವಿನ ಕಿಟಕಿಯ ಬಳಿ ಕೂತು ದಿಗಂತ ನೋಡಿ.

ಎರಡನೇ ದಿನ ಡೆಕ್‌ಗೆ ಒಮ್ಮೆಯಾದರೂ ಹೋಗಿ. ಬೂದು ಹಸಿರಿನ ನೀರು ಗಾಢ ನೀಲಿಗೆ ತಿರುಗಿರುತ್ತದೆ. ಮೇಲಿನ ಗಾಳಿ ಇನ್ನೂ ಕೊರೆಯುವಷ್ಟು ತಣ್ಣಗಿದ್ದು ಕೆಳಗಿನ ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ಸಮುದ್ರದ ಮೈಯಿಂದ ಹಬೆ ಎಳೆಎಳೆಯಾಗಿ ಎದ್ದು ಗಾಳಿಯ ದಿಕ್ಕಿಗೆ ಓಡುತ್ತಿರುತ್ತದೆ. ಅದು ಕಂಡಿತೆಂದರೆ ಗಲ್ಫ್ ಸ್ಟ್ರೀಮ್ ತಲುಪಿದ್ದೀರಿ. ಮೂರನೇ ದಿನದ ಹೊತ್ತಿಗೆ ಸ್ವೆಟರ್ ಬೇಡ.

ಹೊರಡುವ ಮುಂಚೆ ಮನೆಯ ಕೆಲಸವಿದೆ. ಜನವರಿಯಲ್ಲಿ ಮನೆಯನ್ನು 12 ದಿನ ಖಾಲಿ ಬಿಟ್ಟರೆ ದೊಡ್ಡ ಅಪಾಯ ಕಳ್ಳರದಲ್ಲ, ಹೆಪ್ಪುಗಟ್ಟಿ ಒಡೆಯುವ ಪೈಪಿನದು. ಥರ್ಮೋಸ್ಟಾಟ್ ಪೂರ್ತಿ ಆರಿಸಬೇಡಿ, 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೂ ಇಳಿಸಬೇಡಿ. ನೀರಿನ ಮೇನ್ ವಾಲ್ವ್ ಮುಚ್ಚಿ, ಕೆಳಗಿನ ಮಹಡಿಯ ಒಂದು ನಲ್ಲಿ ತೆರೆದು ಪೈಪಿನೊಳಗಿನ ಒತ್ತಡ ಇಳಿಸಿ. ವಾಟರ್ ಹೀಟರನ್ನು ವೆಕೇಶನ್‌ಗೆ ತಿರುಗಿಸಿ. ಹೊರಗೋಡೆಗೆ ತಾಗಿದ ಸಿಂಕ್‌ಗಳ ಕೆಳಗಿನ ಕಪಾಟಿನ ಬಾಗಿಲು ತೆರೆದೇ ಇರಲಿ. ಒಂದು ಎಚ್ಚರಿಕೆ: ರೇಡಿಯೇಟರ್ ಬಾಯ್ಲರ್ ಇರುವ ಹಳೆಯ ಮನೆಯಲ್ಲಿ ಮೇನ್ ಮುಚ್ಚಿದರೆ ಬಾಯ್ಲರ್‌ಗೂ ನೀರು ನಿಲ್ಲುತ್ತದೆ, ನೀರು ಕಡಿಮೆಯಾದೊಡನೆ ಅದು ತಾನೇ ಆರಿಹೋಗಿ ಇಡೀ ಮನೆ ತಣ್ಣಗಾಗುತ್ತದೆ. ಟೌನ್‌ಹೌಸ್‌ನಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್‌ಗೂ ಅದೇ ಪೈಪಿನಿಂದ ನೀರು ಹೋಗುತ್ತಿರಬಹುದು. ಯಾವ ವಾಲ್ವ್ ಯಾವುದಕ್ಕೆ ಎಂದು ಪ್ಲಂಬರ್‌ನಿಂದ ಒಮ್ಮೆ ತೋರಿಸಿಕೊಂಡು ಚೀಟಿ ಅಂಟಿಸಿಡಿ. ಹಿಮ ಬಿದ್ದರೆ ಕಾಲುದಾರಿ ತೆಗೆಯಲು ಯಾರಿಗಾದರೂ ಹೇಳಿಹೋಗಿ, ಇಲ್ಲದಿದ್ದರೆ ಊರಿನ ಆಡಳಿತ ದಂಡ ಹಾಕುತ್ತದೆ.

ಬಂದರಿಗೆ ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿಯ 14ಎ ಎಕ್ಸಿಟ್. ಟರ್ಮಿನಲ್‌ನಲ್ಲೇ ಕಾರ್ ನಿಲ್ಲಿಸಬಹುದು, ಆದರೆ ದಿನಕ್ಕೆ ಸುಮಾರು 30 ಡಾಲರ್. ದೀರ್ಘ ಪ್ರವಾಸಕ್ಕೆ ಅದೇ 350 ಡಾಲರ್ ದಾಟುತ್ತದೆ. ಎಡಿಸನ್, ಜೆರ್ಸಿ ಸಿಟಿ ಕಡೆಯವರಿಗೆ ಎರಡೂ ಸಲ ಕ್ಯಾಬ್ ಹಿಡಿಯುವುದೇ ಅಗ್ಗ. ಕಾರ್ ಬಿಡುವುದಾದರೆ, ಮೂರು ವರ್ಷ ದಾಟಿದ ಬ್ಯಾಟರಿಯನ್ನು ಮೊದಲು ಪರೀಕ್ಷೆ ಮಾಡಿಸಿ. ಚಳಿಯಲ್ಲಿ ಎರಡು ವಾರ ನಿಂತ ಹಳೆಯ ಬ್ಯಾಟರಿ ಸ್ಟಾರ್ಟ್ ಆಗದೆ ಕೈಕೊಡುತ್ತದೆ. ಜಂಪ್ ಸ್ಟಾರ್ಟರ್ ಡಿಕ್ಕಿಯಲ್ಲಿರಲಿ. ದಪ್ಪ ಓವರ್‌ಕೋಟ್ ಕೋಣೆಯ ಅರ್ಧ ಕಪಾಟು ನುಂಗುತ್ತದೆ. ಬದಲಿಗೆ ಮಡಚಿ ಸಣ್ಣ ಚೀಲಕ್ಕೆ ತುರುಕಬಹುದಾದ ಡೌನ್ ಜಾಕೆಟ್, ಅದರೊಳಗೆ ಉಣ್ಣೆಯ ಒಂದು ಪದರ ಸಾಕು. ಕೋಣೆಯ ಗೋಡೆ ಉಕ್ಕಿನದು, ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಜಾಕೆಟ್, ಟೋಪಿಗಳಿಗೆ ಜಾಗವಾಯಿತು. ಸೂಟ್‌ಕೇಸ್ ಕೋಣೆಗೆ ಬರುವುದು ಸಂಜೆಗೆ, ಆದ್ದರಿಂದ ಔಷಧ ಕೈಚೀಲದಲ್ಲಿರಲಿ, ಪ್ರವಾಸದ ದಿನಗಳಿಗಿಂತ ಐದು ದಿನ ಹೆಚ್ಚಿಗೆ.

ಹಿರಿಯರಿಗೆ ವಿಮೆ ಬಿಡಬೇಡಿ. ಹಡಗಿನ ಆಸ್ಪತ್ರೆಯ ಬಿಲ್ ಮೊದಲು ನಿಮ್ಮ ಖಾತೆಗೆ ಬೀಳುತ್ತದೆ, ವಿಮೆಯ ಹಣ ಆಮೇಲೆ. ಊರಿಂದ ಬಂದವರ ವಿಸಿಟರ್ ಪಾಲಿಸಿ ಅಮೆರಿಕದ ಹೊರಗೂ ನಡೆಯುತ್ತದೆಯೇ ಎಂದು ಓದಿ ನೋಡಿ. ರೋಗಿಯನ್ನು ದ್ವೀಪದಿಂದ ವಿಮಾನದಲ್ಲಿ ಸಾಗಿಸುವ ಖರ್ಚಿಗೆ ಕನಿಷ್ಠ 2,50,000 ಡಾಲರ್ ರಕ್ಷಣೆ ಇರಲಿ ಎಂಬುದು ನನ್ನ ಲೆಕ್ಕ.

ಊಟದ ಚಿಂತೆ ಬೇಡ. ಮೊದಲ ರಾತ್ರಿ ಊಟದ ಹಾಲ್‌ನಲ್ಲಿ ಹೆಡ್ ವೇಟರ್‌ಗೆ "ನಾಳೆಯಿಂದ ಭಾರತೀಯ ಸಸ್ಯಾಹಾರ" ಎಂದು ಹೇಳಿಬಿಡಿ. ದಾಲ್, ಪಲ್ಯ, ಅನ್ನ, ಹಪ್ಪಳ ದಿನವೂ ಬೇರೆ ಬೇರೆ ಬರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಬುಕ್ ಮಾಡುವಾಗಲೇ ತಿಳಿಸಬೇಕು, ಹತ್ತಿದ ಮೇಲೆ ಹೇಳಿದರೆ ಅಡುಗೆಮನೆಗೂ ಕಷ್ಟ. ಮಂಗಳೂರು, ಉಡುಪಿ, ಗೋವಾ ಕಡೆಯ ಹುಡುಗರು ಈ ಹಡಗುಗಳಲ್ಲಿ ಬಹಳ ಇದ್ದಾರೆ. ಕನ್ನಡದಲ್ಲೋ ತುಳುವಿನಲ್ಲೋ ಎರಡು ಮಾತಾಡಿ. ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರು ಅವರು. ಬೆಳಗಿಗೆ ಇಡ್ಲಿ ದೋಸೆ ನಿರೀಕ್ಷಿಸಬೇಡಿ. ಸೀಲ್ ಆದ ಅವಲಕ್ಕಿ ಉಪ್ಪಿಟ್ಟಿನ ಪ್ಯಾಕೆಟ್, ಚಟ್ನಿಪುಡಿ, ಒಂದು ಫ್ಲಾಸ್ಕ್ ಒಯ್ದರೆ ಬಫೆಯ ಬಿಸಿನೀರಿನಲ್ಲಿ ಕೆಲಸ ಆಗುತ್ತದೆ. ಕೆಟಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್ ಸ್ಕ್ಯಾನರ್‌ನಲ್ಲೇ ಸಿಕ್ಕಿಬೀಳುತ್ತವೆ. ಬಫೆಗೆ ಹೋಗುವ ಮೊದಲು ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಯಿರಿ. ಚಳಿಗಾಲದಲ್ಲಿ ಹಡಗುಗಳಲ್ಲಿ ಹರಡುವ, ವಾಂತಿಭೇದಿ ತರುವ ನೊರೊವೈರಸ್ ಬಾಗಿಲಲ್ಲಿಟ್ಟ ಸ್ಯಾನಿಟೈಸರ್‌ಗೆ ಸರಿಯಾಗಿ ಸಾಯುವುದಿಲ್ಲ.

ದ್ವೀಪಗಳಲ್ಲಿ ಗಡಿಯಾರದ ಮೇಲೆ ಕಣ್ಣಿರಲಿ. ಚಳಿಗಾಲದಲ್ಲಿ ಸ್ಯಾನ್ ಹುವಾನ್, ಸೇಂಟ್ ಥಾಮಸ್, ಸೇಂಟ್ ಮಾರ್ಟನ್, ಬಾರ್ಬಡೋಸ್ ಎಲ್ಲವೂ ನ್ಯೂಯಾರ್ಕ್‌ಗಿಂತ ಒಂದು ಗಂಟೆ ಮುಂದೆ. ಹಡಗು ತನ್ನ ಗಡಿಯಾರ ಬದಲಿಸುತ್ತದೋ ಇಲ್ಲವೋ ಅದು ಕ್ಯಾಪ್ಟನ್ ಇಷ್ಟ, ನಿಮ್ಮ ಫೋನ್ ಮಾತ್ರ ತಾನಾಗಿ ಬದಲಾಗುತ್ತದೆ. ಹಡಗಿನ ಸಮಯ ತೋರಿಸುವ ಸಾದಾ ಕೈಗಡಿಯಾರವನ್ನೇ ನಂಬಿ.

ಸ್ಯಾನ್ ಹುವಾನ್‌ಗೆ ಮಧ್ಯಾಹ್ನ ತಲುಪುವ ಹಡಗಾದರೆ ಮೊದಲು ಸ್ಯಾನ್ ಕ್ರಿಸ್ಟೋಬಲ್ ಕೋಟೆಗೆ ಹೋಗಿ. ಅದು ಬಂದರಿಗೆ ಹತ್ತಿರ, ಮತ್ತು ಕೋಟೆಗಳು ಸಂಜೆಗೇ ಮುಚ್ಚುತ್ತವೆ. ಇನ್ನೊಂದು ಕೋಟೆಯಾದ ಎಲ್ ಮೊರೊದ ಹೊರಗಿನ ಹುಲ್ಲುಬಯಲಲ್ಲಿ ಆಮೇಲೂ ಕೂರಬಹುದು. ಸೇಂಟ್ ಮಾರ್ಟನ್‌ನಲ್ಲಿ ವಿಮಾನಗಳು ತಲೆಯ ಮೇಲೇ ಇಳಿಯುವ ಮಾಹೋ ಬೀಚ್‌ಗೆ ಹೋಗುವುದಾದರೆ ವಾಪಸಿಗೆ ಎರಡು ಗಂಟೆ ಇಟ್ಟುಕೊಳ್ಳಿ, ಸಿಂಪ್ಸನ್ ಬೇ ರಸ್ತೆಯಲ್ಲಿ ಮಧ್ಯಾಹ್ನ ವಾಹನಗಳು ತೆವಳುತ್ತವೆ. ಬಾರ್ಬಡೋಸ್ ಪಟ್ಟಿಯಲ್ಲಿದ್ದರೆ ಬ್ರಿಜ್‌ಟೌನ್‌ನ ಕೆನ್ಸಿಂಗ್‌ಟನ್ ಓವಲ್ ಬಂದರಿನ ಹತ್ತಿರವೇ ಇದೆ. 2024ರ ಜೂನ್ 29ರಂದು ದ್ರಾವಿಡ್ ಕೋಚ್ ಆಗಿದ್ದ ಭಾರತ ತಂಡ ಟಿ20 ವಿಶ್ವಕಪ್ ಗೆದ್ದ ಮೈದಾನವನ್ನು ನೋಡದೆ ಬರುವುದು ನನ್ನಿಂದಾಗದು. ಬೀಚ್ ವಿಷಯದಲ್ಲಿ ಒಂದು ಮಾತು: ಉತ್ತರದಲ್ಲಿ ಹಡಗನ್ನು ತೂಗಾಡಿಸಿದ ಅದೇ ಬಿರುಗಾಳಿಯ ಅಲೆಗಳು ಎರಡು ಮೂರು ದಿನದಲ್ಲಿ ದ್ವೀಪಗಳ ಉತ್ತರ ದಂಡೆಗೂ ಮುಟ್ಟುತ್ತವೆ, ಸೆಳೆತ ಜೋರಾಗಿರುತ್ತದೆ. ಅಂಥ ವಾರ ದಕ್ಷಿಣ ಅಥವಾ ಪಶ್ಚಿಮ ದಂಡೆಯ ಬೀಚ್ ಆರಿಸಿ.

ಮರಳುವ ದಿನ ಆಫೀಸಿನ ಮೀಟಿಂಗ್ ಇಟ್ಟುಕೊಳ್ಳಬೇಡಿ. ಮಂಜು ಅಥವಾ ಗಾಳಿಯಿಂದ ಹಡಗು ತಡವಾಗುವುದುಂಟು. ಅಮೆರಿಕದಲ್ಲಿ ನೆಲೆಸಿರುವವರು ಸುಂಕವಿಲ್ಲದೆ ತಲೆಗೆ 800 ಡಾಲರ್ ಸಾಮಾನು ತರಬಹುದು. ಸೇಂಟ್ ಥಾಮಸ್‌ನಲ್ಲಿ ಕೊಂಡದ್ದು ಸೇರಿದರೆ ಮಿತಿ 1,600ಕ್ಕೆ ಏರುತ್ತದೆ, ಅದಕ್ಕೆ ಅಲ್ಲಿಯ ರಸೀದಿಗಳನ್ನು ಬೇರೆ ಇಟ್ಟುಕೊಳ್ಳಿ. ಕೊನೆಯ ಬೆಳಗಿನ ತಿಂಡಿಯ ಬಾಳೆಹಣ್ಣು, ಸೇಬು ಕೈಚೀಲದಲ್ಲಿ ಉಳಿದಿದ್ದರೆ ಇಳಿಯುವ ಮೊದಲು ತಿಂದುಬಿಡಿ ಇಲ್ಲವೇ ಕೋಣೆಯಲ್ಲೇ ಬಿಡಿ. ಹಣ್ಣು ಹೊರಗೆ ತರುವಂತಿಲ್ಲ, ಮೂಸಿ ಹಿಡಿಯುವ ನಾಯಿ ಇದ್ದೀತು.