‘ನನ್ನ ಡೇಟು ಯಾವತ್ತು ಸಾರ್?’: ಜಿಲ್ಲಾ ಜೈಲು ನಡೆಸಿದ ಅನುಭವ

ಜೈಲು ಅಂದ ಕೂಡಲೇ ಜನಕ್ಕೆ ನೆನಪಾಗುವುದು ಪರಪ್ಪನ ಅಗ್ರಹಾರ, ಇಲ್ಲವೇ ಬೆಳಗಾವಿಯ ಹಿಂಡಲಗಾ. ನಾನು ಸರ್ವಿಸಿನ ಕೊನೆಯ ವರ್ಷಗಳನ್ನು ಕಳೆದಿದ್ದು ಅಂಥ ದೊಡ್ಡ ಜಾಗದಲ್ಲಲ್ಲ, ದಕ್ಷಿಣ ಕರ್ನಾಟಕದ ಒಂದು ಜಿಲ್ಲಾ ಕಾರಾಗೃಹದಲ್ಲಿ. ಊರ ನಡುವೆಯೇ ಗೋಡೆ. ಒಂದು ಕಡೆ ತರಕಾರಿ ಮಾರ್ಕೆಟ್ಟು, ಇನ್ನೊಂದು ಕಡೆ ಬಸ್ ಸ್ಟ್ಯಾಂಡ್ ರಸ್ತೆ. ಸಂಜೆ ಹೊತ್ತು ಕಂಡಕ್ಟರ್ ಊರುಗಳ ಹೆಸರು ಕೂಗುವುದು ಬ್ಯಾರಕ್ಕಿನ ಒಳಗೂ ಕೇಳುತ್ತಿತ್ತು. ಊರ ಹೆಸರು ಇಲ್ಲಿ ಬೇಡ.

ಚಾರ್ಜು ತಗೊಂಡ ಮೊದಲ ವಾರ ರೌಂಡ್ಸ್ ಹೋದೆ. ಊಟದ ಬಗ್ಗೆ ದೂರು ಬರುತ್ತದೆ, ಜಾಗದ ಬಗ್ಗೆ ಬರುತ್ತದೆ ಅಂದುಕೊಂಡಿದ್ದೆ. ಬಂತು, ಆದರೆ ಕಮ್ಮಿ. ಸಾಲಾಗಿ ಕೂತವರಲ್ಲಿ ಮುಕ್ಕಾಲು ಜನ ಕೇಳಿದ್ದು ಒಂದೇ ಮಾತು, ಕೋರ್ಟಿನ ಮುಂದಿನ ದಿನ ಯಾವತ್ತು ಅಂತ: ‘ನನ್ನ ಡೇಟು ಯಾವತ್ತು ಸಾರ್?’

ದೊಡ್ಡ ಶಿಕ್ಷೆ ಆದವರು ಸೆಂಟ್ರಲ್ ಜೈಲಿಗೆ ಹೋಗುತ್ತಾರೆ. ಜಿಲ್ಲಾ ಜೈಲಿನಲ್ಲಿ ಉಳಿಯುವವರು ಬಹುತೇಕ ವಿಚಾರಣಾಧೀನರು, ನಮ್ಮ ಮಾತಿನಲ್ಲಿ ಯುಟಿಪಿಗಳು. ಇಡೀ ದೇಶದ ಲೆಕ್ಕ ತೆಗೆದರೂ 2022ರ ಕೊನೆಗೆ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ಇನ್ನೂ ವಿಚಾರಣೆಯಲ್ಲೇ ಇದ್ದವರು. ನೂರಕ್ಕೆ 75ಕ್ಕಿಂತ ಜಾಸ್ತಿ. ನಮ್ಮಲ್ಲಂತೂ ಶಿಕ್ಷೆ ಆದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಇವರು ನಾಳೆಯೇ ಹೋಗಬಹುದು, ಎರಡು ವರ್ಷ ಇರಬಹುದು. ಯಾವುದು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಜೈಲು ನಡೆಸುವವನಿಗೆ ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿಲ್ಲ.

ನಾನು ಮಾಡಿದ ಮೊದಲ ತಪ್ಪು, ಸೆಂಟ್ರಲ್ ಜೈಲಿನ ತಲೆ ಇಟ್ಟುಕೊಂಡೇ ಅಲ್ಲಿಗೆ ಹೋಗಿದ್ದು. ರಂಗ ನಿರ್ದೇಶಕ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಆಡಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆದುಕೊಂಡು ಹೋಗಿದ್ದರಲ್ಲ, ಅದು ನನ್ನ ಮನಸ್ಸಿನಲ್ಲಿ ಕೂತಿತ್ತು. ನಮ್ಮಲ್ಲೂ ಒಂದು ಸಣ್ಣ ನಾಟಕ ಮಾಡಿಸೋಣ ಅಂತ ಹೊರಟೆ. ಎರಡನೇ ವಾರ ಕಥಾನಾಯಕನಿಗೆ ಜಾಮೀನು ಸಿಕ್ಕಿತು. ಅವನ ಜಾಗಕ್ಕೆ ಬಂದವನು ಮಾತು ಬಾಯಿಪಾಠ ಮಾಡುವಷ್ಟರಲ್ಲಿ ಖಳನಾಯಕ ಹೋದ. ಹಾರ್ಮೋನಿಯಂ ನುಡಿಸುತ್ತಿದ್ದವನೂ ಹೋದಾಗ ನಾಟಕ ಕೈಬಿಟ್ಟೆ. ಜೀವಾವಧಿ ಶಿಕ್ಷೆಯವರು ಇರುವ ಕಡೆ ಆಗುವ ಕೆಲಸ ಅದು. ಹೊಲಿಗೆ ತರಬೇತಿಯದೂ ಅದೇ ಕಥೆ. ಇಪ್ಪತ್ತು ಜನರೊಂದಿಗೆ ಶುರು ಮಾಡಿದ್ದೆವು. ತಿಂಗಳ ಕೊನೆಗೆ ಸರ್ಟಿಫಿಕೇಟ್ ತಗೊಳ್ಳಲು ಉಳಿದವರು ಐದು. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ ಪಕ್ಕದಲ್ಲಿ ಸಿಬ್ಬಂದಿಯನ್ನೂ ನಿಲ್ಲಿಸಬೇಕಾಯಿತು, ಹೇಳಿಕೊಳ್ಳಲು ನಾಚಿಕೆ.

ಕಾರ್ಯಕ್ರಮದ ಮಾತು ಆಮೇಲೆ. ಮೊದಲು ಜನದ ಲೆಕ್ಕ, ಯಾಕೆಂದರೆ ಬೀಗ ತೆಗೆಯಲು ಜನ ಇಲ್ಲದಿದ್ದರೆ ಯಾವ ಕ್ಲಾಸೂ ನಡೆಯುವುದಿಲ್ಲ.

ಕೇಂದ್ರದ 2016ರ ಮಾದರಿ ಕಾರಾಗೃಹ ಕೈಪಿಡಿ 6 ಬಂದಿಗಳಿಗೆ ಒಬ್ಬ ಕಾವಲಿನವರು ಬೇಕು ಅನ್ನುತ್ತದೆ. ಅದು ಕಾಗದದ ಮಾತು. ನಾನು ಮಾಡಿದ ಲೆಕ್ಕ ಬೇರೆ. ಮೇನ್ ಗೇಟಿನಲ್ಲಿ ಒಬ್ಬರು ಹಗಲೂ ರಾತ್ರಿ ಇರಬೇಕು. ವರ್ಷಕ್ಕೆ 8,760 ಗಂಟೆ. ಒಬ್ಬ ವಾರ್ಡರ್ 365 ದಿನವೂ ಬರುವುದಿಲ್ಲ. ವಾರದ ರಜೆ, ಗಳಿಕೆ ರಜೆ, ಹಬ್ಬ, ಜ್ವರ, ಟ್ರೈನಿಂಗ್ ಎಲ್ಲ ಕಳೆದರೆ ಕೈಗೆ ಸಿಗುವುದು ಸುಮಾರು 250 ದಿನ, ಅಂದರೆ 2,000 ಗಂಟೆ. ಭಾಗಿಸಿ ನೋಡಿ. ಒಂದೇ ಒಂದು ಜಾಗ ತುಂಬಲು ನಾಲ್ಕೂಕಾಲು ಜನಕ್ಕಿಂತ ಜಾಸ್ತಿ ಬೇಕು. ಮೂರು ಪಾಳಿ, ಮೂರು ಜನ ಸಾಕು ಅಂತ ಲೆಕ್ಕ ಹಾಕುವ ಕಡೆ ಸಾಲದೆ ಬೀಳುವ ಆ ಒಂದೂಕಾಲು ಜನ ಎಲ್ಲಿಂದ ಬರುತ್ತಾರೆ? ಇರುವವರ ವಾರದ ರಜೆಯಿಂದ.

ಮಹಿಳಾ ವಿಭಾಗ ಇದಕ್ಕಿಂತ ಕಷ್ಟ. ಒಳಗಿರುವವರು ನಾಲ್ಕೇ ಜನ ಇರಬಹುದು, ಆದರೆ ಬಾಗಿಲಲ್ಲಿ ಹಗಲೂ ರಾತ್ರಿ ಮಹಿಳಾ ಸಿಬ್ಬಂದಿಯೇ ಬೇಕು. ನಾಲ್ಕು ಬಂದಿಗಳಿಗೂ ಅದೇ ನಾಲ್ಕೂಕಾಲು, ನಲವತ್ತು ಬಂದಿಗಳಿಗೂ ಅದೇ. ಒಂದು ಸಲ ಅಲ್ಲಿ ಮೂವರು ಹೆಂಗಸರು, ಜೊತೆಗೆ ಒಂದು ಎರಡು ವರ್ಷದ ಮಗು. ಆರು ವರ್ಷದ ತನಕ ಮಕ್ಕಳು ತಾಯಿಯ ಜೊತೆ ಇರಬಹುದು. ಆ ಮಗುವಿಗೆ ಹಾಲು ತಂದುಕೊಡಲು ಗೇಟು ಬಿಟ್ಟು ಹೋಗುವ ಹಾಗಿಲ್ಲ, ಹೋಗದೇ ಇರುವ ಹಾಗೂ ಇಲ್ಲ. ಡ್ಯೂಟಿ ಪಟ್ಟಿ ಅನ್ನುವುದು ಇಂಥ ಕಡೆಯೇ ಹರಿದುಹೋಗುತ್ತದೆ.

ನನ್ನ ಹೆಡ್ ವಾರ್ಡರ್ ನನಗಿಂತ ಸರ್ವಿಸಿನಲ್ಲಿ ಹಿರಿಯರು. ಒಂದು ದಿನ ನೇರವಾಗಿ ಹೇಳಿದರು: ‘ಸಾರ್, ಹುಡುಗರು ರಜೆ ಕೇಳ್ತಿಲ್ಲ. ಯಾವತ್ತು ರಜೆ ಅಂತ ಗೊತ್ತಾದ್ರೆ ಸಾಕು ಅಂತಿದಾರೆ.’ ನನಗೆ ಥಟ್ಟನೆ ಹೊಳೆಯಿತು. ವಾರ್ಡರ್‌ಗಳು ಕೇಳುತ್ತಿದ್ದದ್ದೂ ಡೇಟೇ ಅಲ್ವಾ?

ಅವತ್ತಿನಿಂದ ಒಂದು ತಿಂಗಳ ಪಟ್ಟಿ ಮುಂಚೆಯೇ ಬರೆದು ಗೋಡೆಗೆ ಅಂಟಿಸಿದೆವು. ವಾರದ ರಜೆ ಪೆನ್ಸಿಲ್ಲಿನಲ್ಲಲ್ಲ, ಪೆನ್ನಿನಲ್ಲಿ. ಕಿತ್ತುಕೊಳ್ಳಬೇಕಾದರೆ ನಾನೇ ಸಹಿ ಹಾಕಬೇಕು, ಬದಲಿ ದಿನ ಅಲ್ಲೇ ಬರೆಯಬೇಕು. ಯುಗಾದಿ, ಗಣೇಶ ಹಬ್ಬ, ದೀಪಾವಳಿ ಮೂರರಲ್ಲಿ ಒಂದಕ್ಕೆ ಎಲ್ಲರಿಗೂ ಮನೆ. ಜನ ಒಬ್ಬರೂ ಹೆಚ್ಚಾಗಲಿಲ್ಲ. ಆದರೆ ‘ಮೈ ಹುಷಾರಿಲ್ಲ ಸಾರ್’ ಅನ್ನುವ ಬೆಳಗಿನ ಫೋನುಗಳು ಕಂಡಹಾಗೆ ಕಮ್ಮಿಯಾದವು. ಜೊತೆಗೆ ಮುಲಾಖಾತನ್ನು, ಅಂದರೆ ಮನೆಯವರ ಭೇಟಿಯನ್ನು, ಬ್ಯಾರಕ್ ಪ್ರಕಾರ ದಿನ ಹಂಚಿದೆವು. ಮುಂಚೆ ಸೋಮವಾರ ಗೇಟಿನಲ್ಲಿ ಜಾತ್ರೆ, ಗುರುವಾರ ನೊಣ ಹೊಡೆಯುವುದು. ಎಲ್ಲ ದಿನ ಒಂದೇ ಸಮ ಆದಮೇಲೆ ಒಳಗಿನ ಕೆಲಸಕ್ಕೆ ಇಬ್ಬರು ಉಳಿದರು. ಆ ಇಬ್ಬರಿಂದಲೇ ನನ್ನ ಕಾರ್ಯಕ್ರಮಗಳು ನಡೆದಿದ್ದು.

ಇನ್ನು ಡೇಟಿನ ಪುಸ್ತಕ. ಇದು ನಾನು ಮಾಡಿದ್ದರಲ್ಲಿ ಉಪಯೋಗಕ್ಕೆ ಬಂದ ಕೆಲಸ ಅಂತ ಧೈರ್ಯವಾಗಿ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಇ-ಪ್ರಿಸನ್ಸ್ ಇದೆ, ಎಲ್ಲ ವಿವರ ಅದರಲ್ಲಿ ಇರುತ್ತದೆ. ಆದರೆ ಒಬ್ಬ ಮನುಷ್ಯ ದಿನಾ ಬೆಳಗ್ಗೆ ತೆರೆದು ನೋಡದಿದ್ದರೆ ಅದು ಸುಮ್ನೆ ಅಲ್ಲಿರುತ್ತದೆ ಅಷ್ಟೆ. ನಾನು ಒಂದು ಉದ್ದನೆಯ ಲೆಡ್ಜರ್ ತರಿಸಿ ಗೆರೆ ಹಾಕಿಸಿದೆ. ಒಳಗೆ ಬಂದ ದಿನ. ಸೆಕ್ಷನ್. ಅದಕ್ಕೆ ಇರುವ ಗರಿಷ್ಠ ಶಿಕ್ಷೆ. ಚಾರ್ಜ್‌ಶೀಟಿಗೆ 60 ದಿನವೋ 90 ದಿನವೋ, ಅದು ಮುಗಿಯುವ ದಿನ. ಗರಿಷ್ಠ ಶಿಕ್ಷೆಯ ಅರ್ಧ ಮುಗಿಯುವ ದಿನ. ವಕೀಲರಿದ್ದಾರೋ ಇಲ್ಲವೋ. ಕೊನೆಯ ಕಾಲಂ ಕೆಂಪು ಶಾಯಿಯಲ್ಲಿ: ‘ಜಾಮೀನು ಆಗಿದೆ, ಹೋಗಿಲ್ಲ.’

ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೇ ಕಳೆದ ವಿಚಾರಣಾಧೀನನನ್ನು ಜಾಮೀನಿನ ಮೇಲೆ ಬಿಡಬೇಕು ಅನ್ನುವ ಈ ಅರ್ಧದ ನಿಯಮ 2006ರಿಂದಲೇ ಇತ್ತು, ಹಳೇ ದಂಡ ಪ್ರಕ್ರಿಯಾ ಸಂಹಿತೆ ಅಂದರೆ ಸಿಆರ್‌ಪಿಸಿ 436ಎ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು, ಬಿಎನ್‌ಎಸ್‌ಎಸ್ 479. ಮುಂಚೆ ಯಾವತ್ತೂ ಶಿಕ್ಷೆ ಆಗಿರದವನಾದರೆ ಮೂರನೇ ಒಂದು ಭಾಗ ಕಳೆದರೆ ಸಾಕು. ಮೂರು ವರ್ಷದ ಕೇಸಾದರೆ ಒಂದು ವರ್ಷ. ಮರಣದಂಡನೆ, ಜೀವಾವಧಿ ಇರುವ ಕೇಸುಗಳಿಗೆ ಇದಿಲ್ಲ, ಒಂದಕ್ಕಿಂತ ಹೆಚ್ಚು ಕೇಸು ನಡೆಯುತ್ತಿರುವವರಿಗೂ ಇಲ್ಲ. ಅವಧಿ ಮುಗಿದ ಕೂಡಲೇ ಕೋರ್ಟಿಗೆ ಬರೆಯುವ ಹೊಣೆಯನ್ನು ಆ ಸೆಕ್ಷನ್ ಜೈಲು ಸೂಪರಿಂಟೆಂಡೆಂಟ್ ತಲೆ ಮೇಲೇ ಇಟ್ಟಿದೆ. ಹಳೇ ಕೇಸುಗಳಿಗೂ ಇದು ಅನ್ವಯಿಸುತ್ತದೆ ಅಂತ ಆ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ನನ್ನ ಲೆಡ್ಜರಿಗೆ ಇನ್ನೊಂದು ಗೆರೆ ಹಾಕಿಸಿದೆ, ಅಷ್ಟೆ. ಬೇರೆ ಕಡೆಯವರು ಫೈಲು ಹುಡುಕುತ್ತಿದ್ದರು.

ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಕೆಂಪು ಕಾಲಂ. ಮೊದಲ ಸಲ ಅದನ್ನು ತುಂಬಿಸಿದಾಗ ಒಂಬತ್ತು ಹೆಸರು ಬಂತು. ಜಡ್ಜ್ ಬಿಡಿ ಅಂದಿದ್ದಾರೆ, ಆದರೂ ಒಳಗಿದ್ದಾರೆ. ಒಬ್ಬ ಕೂಲಿ ಮಾಡುವವನು, ವಯಸ್ಸು ಐವತ್ತರ ಮೇಲೆ. ಐದು ವಾರದಿಂದ ಹಾಗೇ ಕೂತಿದ್ದ. ಯಾಕಯ್ಯಾ ಅಂದರೆ, ‘ಜಮೀನು ಇರೋರ ಜಾಮೀನು ಬೇಕಂತೆ ಸಾರ್’ ಅಂದ. ಅಣ್ಣ ಬರಲು ತಯಾರಿದ್ದ. ಎರಡು ಎಕರೆ ಹೊಲವೂ ಇತ್ತು. ಆದರೆ ಪಹಣಿ ಇನ್ನೂ ಸತ್ತುಹೋದ ಅಜ್ಜನ ಹೆಸರಲ್ಲೇ. ಪೌತಿ ಖಾತೆ ಮಾಡಿಸಿಯೇ ಇಲ್ಲ. ಅಜ್ಜ ಬಂದು ಶ್ಯೂರಿಟಿ ನಿಲ್ಲಬೇಕಷ್ಟೆ!

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆದೆವು. ಜಾಮೀನು ಸಿಕ್ಕಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಜೈಲಿನವರು ತಿಳಿಸಬೇಕು, ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಕೋರ್ಟೇ ಷರತ್ತು ಸಡಿಲಿಸುವುದನ್ನು ನೋಡಬಹುದು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸೂಚನೆ ಕೊಟ್ಟಿತ್ತು. ಅದನ್ನೇ ಹಿಡಿದುಕೊಂಡೆವು. ಷರತ್ತು ಸಡಿಲವಾಯಿತು, ಅವನು ಹೋದ. ಅದೇ ವರ್ಷ ಕೇಂದ್ರ ಸರ್ಕಾರ ಬಡ ಬಂದಿಗಳಿಗೆ ಜಾಮೀನಿನ ಹಣಕ್ಕೆ 40,000 ರೂಪಾಯಿ ತನಕ, ದಂಡ ಕಟ್ಟಲಾಗದ ಶಿಕ್ಷಾ ಬಂದಿಗಳಿಗೆ 25,000 ತನಕ ನೆರವು ಕೊಡುವ ಯೋಜನೆ ತಂದಿತು. ಒಳ್ಳೆಯದೇ. ಆದರೆ ನನ್ನ ಒಂಬತ್ತು ಜನರಲ್ಲಿ ಹಣಕ್ಕಿಂತ ಜಾಸ್ತಿ ಕೊರತೆ ಇದ್ದದ್ದು ಕೋರ್ಟಿನ ಬಾಗಿಲಿಗೆ ಬಂದು ನಿಲ್ಲುವ ಒಬ್ಬ ಮನುಷ್ಯನದು.

ವಿಡಿಯೋ ಕಾನ್ಫರೆನ್ಸ್ ಬಂದಮೇಲೆ ಕೆಲಸ ಸಲೀಸಾಯಿತು ಅಂತ ಎಲ್ಲರೂ ಹೇಳುತ್ತಾರೆ. ಎಸ್ಕಾರ್ಟ್ ಪೊಲೀಸರು ಬರಲಿಲ್ಲ, ಡೇಟು ತಪ್ಪಿತು ಅನ್ನುವ ಗೋಳು ಕಮ್ಮಿಯಾಗಿದ್ದು ನಿಜ. ಆದರೆ ವಿಸಿ ಕೋಣೆಯ ಮುಂದೆ ಸಾಲು ನಿಂತವರ ಮುಖ ನೋಡಿ. ಕೋರ್ಟಿಗೆ ಹೋಗುವುದು ಬರೀ ಜಡ್ಜ್ ಮುಂದೆ ನಿಲ್ಲುವುದಕ್ಕಲ್ಲ. ವ್ಯಾನಿನ ಹತ್ತಿರ ಹೆಂಡತಿ ನಿಂತಿರುತ್ತಾಳೆ, ಮಗು ಎಷ್ಟು ಬೆಳೆದಿದೆ ಅಂತ ಕಾಣುತ್ತದೆ, ವಕೀಲರ ಕೈ ಹಿಡಿದು ಕೇಳಬಹುದು. ಪರದೆಯ ಮೇಲೆ ಎರಡು ನಿಮಿಷ, ಇನ್ನೊಂದು ಡೇಟು, ಮುಂದಿನವನು ಬಾ. ನಾನು ಈ ವಿಷಯದಲ್ಲಿ ಹಳೇ ಕಾಲದವನೇ ಇರಬಹುದು.

ಕಾರ್ಯಕ್ರಮಗಳನ್ನು ಮತ್ತೆ ಶುರು ಮಾಡಿದಾಗ ಒಂದೇ ನಿಯಮ ಇಟ್ಟುಕೊಂಡೆ. ಇವತ್ತು ಕಲಿತದ್ದು ಇವತ್ತೇ ಮುಗಿಯಬೇಕು. ನಾಳೆ ಅವನಿಲ್ಲದಿದ್ದರೂ ಕೈಯಲ್ಲಿ ಏನಾದರೂ ಇರಬೇಕು. ಒಂದು ದಿನ ಸ್ವಿಚ್ ಬೋರ್ಡ್ ಬಿಚ್ಚಿ ಜೋಡಿಸುವುದು, ಒಂದು ದಿನ ಬ್ಯಾಂಕ್ ಚಲನ್ ತುಂಬುವುದು, ಹೀಗೆ.

ಎಲ್ಲಕ್ಕಿಂತ ಚೆನ್ನಾಗಿ ನಡೆದಿದ್ದು ಹೆಸರು ಬರೆಯುವ ಕ್ಲಾಸು. ವಕಾಲತ್ತಿಗೆ ಹೆಬ್ಬೆಟ್ಟು ಒತ್ತುವವರು ನಮ್ಮಲ್ಲಿ ಬೇಕಾದಷ್ಟು ಜನ. ಅವರಿಗೆ ಅ ಆ ಇ ಈ ಕಲಿಸಲು ಹೋದರೆ ಎರಡನೇ ದಿನ ಬರುವುದಿಲ್ಲ. ನಾವು ಇಡೀ ವರ್ಣಮಾಲೆ ಬಿಟ್ಟು ಅವರವರ ಹೆಸರು ಮಾತ್ರ ಹಿಡಿದೆವು. ಒಂದು ವಾರ, ಒಂದು ಹೆಸರು. ಓದಿದ ಬಂದಿಯೊಬ್ಬನೇ ಮೇಷ್ಟ್ರು. ಕುರಿ ಕಾಯುವ ಒಬ್ಬ ಹಿರಿಯರಿದ್ದರು, ಅವರ ಹೆಸರಿನಲ್ಲಿ ಎರಡು ಒತ್ತಕ್ಷರ. ನಾಲ್ಕನೇ ದಿನ ಸಿಟ್ಟಾಗಿ ಸ್ಲೇಟು ಕೆಳಗಿಟ್ಟು, ‘ನಮ್ಮಪ್ಪ ಸುಲಭದ ಹೆಸರು ಇಡಬಾರದಾಗಿತ್ತಾ’ ಅಂದರು. ಎಂಟನೇ ದಿನ ಬರೆದರು. ಬ್ಯಾರಕ್ಕಿನ ಗೋಡೆ ಮೇಲೂ ಇದ್ದಿಲಲ್ಲಿ ಬರೆದರು. ನಿಯಮದ ಪ್ರಕಾರ ಅಳಿಸಬೇಕಿತ್ತು. ಹೆಡ್ ವಾರ್ಡರ್ ನನ್ನ ಮುಖ ನೋಡಿದರು, ನಾನು ಬೇರೆ ಕಡೆ ನೋಡಿದೆ.

ಅಡುಗೆ ಮನೆಯದು ಬೇರೆಯೇ ಪಾಠ. ಮುದ್ದೆ ತಿರುಗುವವರು, ತರಕಾರಿ ಹೆಚ್ಚುವವರು, ಕಕ್ಕಸು ತೊಳೆಯುವವರು ಯಾರು ಅಂತ ಹಳೇ ಮೇಸ್ತ್ರಿ ಬಂದಿಯೇ ಗೊತ್ತುಮಾಡುತ್ತಿದ್ದ. ಕೆಲಸ ಸರಾಗವಾಗಿ ನಡೆಯುತ್ತಿತ್ತು, ಹಾಗಾಗಿ ಆರು ತಿಂಗಳು ನಾನು ತಲೆ ಹಾಕಲಿಲ್ಲ. ಒಂದು ದಿನ ರಿಜಿಸ್ಟರ್ ತಿರುವಿ ಹಾಕುವಾಗ ಕಂಡಿತು. ಒಲೆ ಮುಂದೆ ಯಾವ ಜಾತಿಯವರು, ಪೊರಕೆ ಹಿಡಿದವರು ಯಾವ ಜಾತಿಯವರು ಅಂತ ಸಾಲು ಸಾಲಾಗಿ ಬರೆದಿಟ್ಟ ಹಾಗಿತ್ತು. ನಾನೇ ದಿನಾ ಸಹಿ ಹಾಕಿದ್ದೆ. ಮಾರನೇ ದಿನದಿಂದ ಚೀಟಿ ಎತ್ತಿಸಿದೆ. ಡಬ್ಬಿಯೊಳಗೆ ಕೆಲಸದ ಹೆಸರು, ಎತ್ತಿದವನಿಗೆ ಆ ವಾರ ಅದು. ಎರಡು ದಿನ ಕೆಲವರು ಊಟ ಬಿಟ್ಟರು. ಮೂರನೇ ದಿನ ಹಸಿವೇ ಪಂಚಾಯಿತಿ ಮಾಡಿತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ರದ್ದು ಮಾಡಿ, ರಿಜಿಸ್ಟರಿನ ಜಾತಿ ಕಾಲಮ್ಮನ್ನೇ ತೆಗೆಯಲು ಹೇಳಿತು. ನನ್ನ ಸರ್ವಿಸು ಆಗ ಮುಗಿಯುತ್ತಾ ಬಂದಿತ್ತು.

ಮೊದಲ ರಾತ್ರಿಯ ಬಗ್ಗೆ ಒಂದು ಮಾತು. ಹೊಸಬನಿಗೆ ಜೈಲಿನಲ್ಲಿ ಅತಿ ಅಪಾಯದ ಹೊತ್ತು ಅದು. ಒಂದು ಸಲ ಇಪ್ಪತ್ತು ತುಂಬದ ಹುಡುಗನೊಬ್ಬ ಜೀವ ಕಳೆದುಕೊಳ್ಳಲು ಹೋಗಿದ್ದ, ಪಕ್ಕದಲ್ಲಿ ಮಲಗಿದ್ದವನಿಗೆ ಎಚ್ಚರವಾಗಿದ್ದರಿಂದ ಉಳಿದ. ಅಡ್ಮಿಷನ್ ಬರೆದುಕೊಂಡವರು ಅವನನ್ನು ಕೇಳಿದ್ದು ಗುರುತಿನ ಮಚ್ಚೆ ಎಲ್ಲಿದೆ ಅಂತ ಮಾತ್ರ. ಆಮೇಲೆ ಬದಲಾಯಿಸಿದೆವು. ಎಷ್ಟೇ ಹೊತ್ತಾಗಿ ಬರಲಿ, ಒಂದು ಲೋಟ ಟೀ. ಮನೆಗೆ ಒಂದು ಫೋನು. ಅವನ ತಾಲ್ಲೂಕಿನವರು, ಸ್ವಲ್ಪ ವಯಸ್ಸಾದವರು ಯಾರಿದ್ದಾರೋ ಅವರ ಪಕ್ಕ ಹಾಸಿಗೆ. ಮಾರನೇ ದಿನ ಡಾಕ್ಟರು, ಬೇಕಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರು.

ಬಿಡುಗಡೆಯ ರಾತ್ರಿಯೂ ಹಾಗೇ, ಅದನ್ನು ತುಂಬ ತಡವಾಗಿ ಗಮನಿಸಿದೆ. ಕೋರ್ಟಿನ ಆದೇಶ ನಮ್ಮ ಕೈಗೆ ಬರುವಾಗ ಸಂಜೆ. ಜಡತಿ ಅನ್ನುವ ತಪಾಸಣೆ, ಸಹಿ, ಸಾಮಾನು ವಾಪಸ್ ಎಲ್ಲ ಮುಗಿದು ಗೇಟು ದಾಟುವಾಗ ಎಂಟು ಗಂಟೆ. ಹಳ್ಳಿ ಕಡೆಯ ಕೊನೆಯ ಬಸ್ಸು ಅಷ್ಟು ಹೊತ್ತಿಗೆ ಹೋಗಿರುತ್ತದೆ. ಆದೇಶ ಬಂದಮೇಲೆ ಒಂದು ರಾತ್ರಿಯೂ ಒಳಗಿಡುವ ಹಾಗಿಲ್ಲ, ಹೊರಗೆ ಹೋಗಲು ಜಾಗವಿಲ್ಲ. ಒಂದು ದಿನ ಬೆಳಗ್ಗೆ ಐದೂವರೆಗೆ ನಾನು ಬರುವಾಗ, ಹಿಂದಿನ ರಾತ್ರಿ ಬಿಟ್ಟವನೊಬ್ಬ ಗೋಡೆಗೊರಗಿ ಚೀಲ ಅಪ್ಪಿಕೊಂಡು ನಿದ್ದೆ ಮಾಡುತ್ತಿದ್ದ. ಮಳೆ ಬಿದ್ದು ಚೀಲ ನೆಂದಿತ್ತು. ಮುಲಾಖಾತಿಗೆ ಬರುವವರಿಗೆ ಅಂತ ಗೇಟಿನ ಹೊರಗೆ ಒಂದು ಶೀಟಿನ ಶೆಡ್ ಇತ್ತು, ಸಂಜೆ ಅದಕ್ಕೆ ಬೀಗ ಹಾಕುತ್ತಿದ್ದೆವು. ಅವತ್ತಿನಿಂದ ಬೀಗ ತೆಗೆಸಿದೆ. ಒಳಗೆ ಒಂದು ಫ್ಯಾನು, ಒಂದು ನೀರಿನ ಕ್ಯಾನು. ಗೋಡೆಯ ಮೇಲೆ ಗೇಟ್ ವಾರ್ಡರ್ ತನ್ನದೇ ಕೈಬರಹದಲ್ಲಿ ಬೆಳಗಿನ ಮೊದಲ ಬಸ್ಸುಗಳ ಸಮಯ ಬರೆದು ಅಂಟಿಸಿದ.